ನಮ್ಮ ಅಡಿಕೆಗೆ ಬಿಲ್ ಕೇಳಿದ ಠಾಣೆ: ಗೃಹ ಸಚಿವರಿಗೊಂದು ಬಹಿರಂಗ ಪತ್ರ

ಮಾನ್ಯ ಗೃಹ ಸಚಿವರಿಗೆ,

ನಮಸ್ಕಾರ. ನಾನು ಶಿರಸಿ ಕಡೆಯ ಅಡಿಕೆ ಬೆಳೆಗಾರ. ಎರಡು ಎಕರೆ ತೋಟ, ಹಳೇ ಹಂಚಿನ ಮನೆ, ಜೊತೆಗೆ ಮಂಡಿನೋವು. ಮಂತ್ರಿಗಳಿಗೆ ಪತ್ರ ಬರೆಯುವ ಚಟ ನನಗಿಲ್ಲ. ಒಂದು ವರ್ಷ ಸುಮ್ನೆ ಇದ್ದೆ. ಹೋದ ವಾರ ಠಾಣೆಯಿಂದ ಹಿಂಬರಹ ಬಂತು. ಸೂಕ್ತ ಸಾಕ್ಷ್ಯಾಧಾರ ಸಿಗದ ಕಾರಣ ಸದರಿ ಅರ್ಜಿಯನ್ನು ಮುಕ್ತಾಯಗೊಳಿಸಲಾಗಿದೆ ಅಂತ, ಒಟ್ಟು ನಾಲ್ಕು ಸಾಲು. ಅವತ್ತು ರಾತ್ರಿ ನಿದ್ದೆ ಬರಲಿಲ್ಲ.

ಕೇಳುವುದನ್ನು ಮೊದಲೇ ಕೇಳಿಬಿಡುತ್ತೇನೆ, ಆಮೇಲೆ ನೀವು ಓದದಿದ್ದರೂ ಅಡ್ಡಿಲ್ಲ. ಪೊಲೀಸರ ಕೆಲಸ ಹೇಗಿದೆ ಅಂತ ನೋಡಬೇಕಾದ ರಾಜ್ಯ ಭದ್ರತಾ ಆಯೋಗದಲ್ಲಿ ಒಂದು ಸದಸ್ಯ ಸ್ಥಾನವನ್ನು ಠಾಣೆಯ ಬೆಂಚಿನ ಮೇಲೆ ದಿನಗಟ್ಟಲೆ ಕೂತು ಎದ್ದು ಬಂದವರಿಗೆ ಕೊಡಿ. ನಿವೃತ್ತ ಅಧಿಕಾರಿಗೂ ಬೇಡ, ಪಕ್ಷದವರಿಗೂ ಬೇಡ.

ಈಗ ನನ್ನ ಕಥೆ. ಹೋದ ವರ್ಷ ಆಷಾಢದ ಒಂದು ರಾತ್ರಿ ಅಟ್ಟದಲ್ಲಿ ಇಟ್ಟಿದ್ದ ಐದು ಚೀಲ ಚಾಲಿ, ಅಂದರೆ ಒಣಗಿಸಿ ಸುಲಿದ ಅಡಿಕೆ, ಕಳುವಾಯಿತು. ಹಂಚಿನ ಮೇಲೆ ಆ ಮಳೆಯ ಸದ್ದು, ನಮಗೆ ಏನೂ ಕೇಳಲಿಲ್ಲ. ರೇಟು ಏರಲಿ ಅಂತ ಕಾದು ಇಟ್ಟದ್ದು, ತಪ್ಪು ನನ್ನದೇ ಅನ್ನಿ. ಬೆಳಿಗ್ಗೆ ಹತ್ತಕ್ಕೆ ಠಾಣೆಗೆ ಹೋದೆ. ಯಾವ ಠಾಣೆ ಅಂತ ಬರೆಯುವುದಿಲ್ಲ, ಮಗಳು ಬೇಡ ಅಂದಿದ್ದಾಳೆ. ಮಧ್ಯಾಹ್ನ ಊಟದ ಹೊತ್ತಾಯಿತು, ಚಹಾದ ಹೊತ್ತೂ ಆಯಿತು, ನಾಲ್ಕೂವರೆಗೆ ಒಳಗೆ ಕರೆದರು. ಸಾಹೇಬರು ಮುಖ ಎತ್ತದೆ ಕೇಳಿದ್ದು ಒಂದೇ ಪ್ರಶ್ನೆ:

"ಬಿಲ್ ಎಲ್ಲಿದೆ?"

ಯಾವ ಬಿಲ್ ಸಾರ್ ಅಂದೆ. ಅಡಿಕೆ ನಿಮ್ಮದೇ ಅನ್ನೋದಕ್ಕೆ ಬಿಲ್ ಬೇಕಲ್ರೀ, ಇಲ್ಲದಿದ್ದರೆ ಹೇಗೆ ನಂಬೋದು ಅಂದರು. ನಮ್ಮ ಅಜ್ಜ ನೆಟ್ಟ ಮರ ಸಾರ್, ಅದು ಬಿಲ್ ಕೊಡುವುದಿಲ್ಲ ಅಂದೆ. ಹಾಗೆ ಹೇಳಬಾರದಿತ್ತು ಅಂತ ಆಮೇಲೆ ಗೊತ್ತಾಯಿತು. ಎಫ್‌ಐಆರ್ ಇಲ್ಲ, ಅರ್ಜಿ ಬರೆದು ಕೊಟ್ಟು ಹೋಗಿ ಅಂದರು. ಅರ್ಜಿಯ ನಕಲಿಗೆ ಸೀಲು ಹಾಕಿ ಕೊಡಿ ಅಂದರೆ ಸೀಲು ಠಾಣೆಯ ಬರವಣಿಗೆ ನೋಡುವ ರೈಟರ್ ಹತ್ತಿರ ಇದೆ, ರೈಟರ್ ಬಂದೋಬಸ್ತಿಗೆ ಹೋಗಿದ್ದಾರೆ.

ನಿಮಗೆ ನಾನು ಕಾನೂನು ಹೇಳಿಕೊಡಬೇಕಾಗಿಲ್ಲ. ಕಾಗ್ನಿಜಬಲ್, ಅಂದರೆ ವಾರಂಟ್ ಇಲ್ಲದೆ ಪೊಲೀಸರು ಬಂಧಿಸಬಹುದಾದ, ಅಪರಾಧದ ದೂರು ಬಂದರೆ ಎಫ್‌ಐಆರ್ ಹಾಕಲೇಬೇಕು ಅಂತ ಸುಪ್ರೀಂ ಕೋರ್ಟು 2013ರಲ್ಲಿ ಲಲಿತಾ ಕುಮಾರಿ ಪ್ರಕರಣದಲ್ಲಿ ಹೇಳಿದೆ. 2024ರ ಜುಲೈ 1ರಿಂದ ಜಾರಿಯಾದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 173ನೇ ಕಲಂನಲ್ಲೂ ಇದೆ. ಮೂರರಿಂದ ಏಳು ವರ್ಷದೊಳಗೆ ಶಿಕ್ಷೆ ಇರುವ ಅಪರಾಧವಾದರೆ ಮೊದಲು ಪ್ರಾಥಮಿಕ ವಿಚಾರಣೆ ಮಾಡಬಹುದು, ಅದಕ್ಕೂ ಡಿವೈಎಸ್‌ಪಿ ಅನುಮತಿ ಬೇಕು, 14 ದಿನದಲ್ಲಿ ಮುಗಿಸಬೇಕು. ನಮ್ಮದಕ್ಕೆ ಒಂದು ವರ್ಷ ಬೇಕಾಯಿತು.

ಇಷ್ಟೇ ಆಗಿದ್ದರೆ ಐದು ಚೀಲ ಹೋಯಿತು ಅಂತ ಕೈ ತೊಳೆದುಕೊಳ್ಳುತ್ತಿದ್ದೆ. ಮೂರನೇ ದಿನ ನಮ್ಮ ಕೊನೆಗೌಡನನ್ನು ಎತ್ತಿಕೊಂಡು ಹೋದರು. ಇಪ್ಪತ್ತು ವರ್ಷದಿಂದ ಮರ ಹತ್ತಿ ನಮ್ಮ ತೋಟದ ಕೊನೆ, ಅಂದರೆ ಅಡಿಕೆ ಗೊನೆ, ಇಳಿಸಿದವನು. ಅವನ ಮೇಲೆ ಅನುಮಾನ ಅಂತ ನಾನು ಹೇಳಿರಲಿಲ್ಲ, ಮನೆಗೆ ಯಾರ್ಯಾರು ಬಂದು ಹೋಗುತ್ತಾರೆ ಅಂತ ಕೇಳಿದಾಗ ಹೇಳಿದ ಆರು ಹೆಸರಿನಲ್ಲಿ ಅವನದೂ ಒಂದಿತ್ತು. ಉಳಿದ ಐವರು ನೆಂಟರು, ಅವರನ್ನು ಯಾರೂ ಕೇಳಲಿಲ್ಲ. ನೋಡಿ ಸಾರ್, ದೂರೇ ದಾಖಲಾಗಿಲ್ಲ, ಆರೋಪಿ ಮಾತ್ರ ಸಿಕ್ಕಿಬಿಟ್ಟ! ಅವನ ಹೆಂಡತಿ ಮಗುವನ್ನು ಕಟ್ಟಿಕೊಂಡು ಮಳೆಯಲ್ಲಿ ನಮ್ಮ ಅಂಗಳಕ್ಕೆ ಬಂದು ನಿಂತಳು. ಅವಳಿಗೆ ಯಾರೂ ಏನೂ ತಿಳಿಸಿರಲಿಲ್ಲ. ಬಂಧನದ ಮೆಮೊ ಬರೆದು ಮನೆಯವರದ್ದೋ ಊರಿನವರದ್ದೋ ಸಹಿ ಹಾಕಿಸಬೇಕು, ಮನೆಗೆ ತಿಳಿಸಬೇಕು ಅಂತ ಡಿ.ಕೆ. ಬಸು ಪ್ರಕರಣದಲ್ಲಿ ಕೋರ್ಟು ಹೇಳಿದ್ದು 1996ರಲ್ಲಿ. ಕೇಳಿದರೆ, ಬಂಧನ ಎಲ್ಲಿ ಮಾಡಿದ್ದೇವೆ, ಸುಮ್ನೆ ವಿಚಾರಣೆಗೆ ಕರೆದದ್ದು ಅಂದರು. ಆ ಸುಮ್ನೆ ವಿಚಾರಣೆ ಎರಡು ಹಗಲು ಒಂದು ರಾತ್ರಿ ನಡೆಯಿತು.

ಹೊರಗೆ ಬಂದಾಗ ಬಲಭುಜ ಎತ್ತಲು ಆಗುತ್ತಿರಲಿಲ್ಲ. ಠಾಣೆಯಲ್ಲಿ ಜಾರಿ ಬಿದ್ದನಂತೆ. ಜಡಿಮಳೆಯಲ್ಲಿ ಪಾಚಿ ಹಿಡಿದ ಅಡಿಕೆ ಮರ ಹತ್ತಿ ಅಲ್ಲಿಂದಲೇ ಮತ್ತೊಂದು ಮರಕ್ಕೆ ದಾಟುವವನು, ಠಾಣೆಯ ಸಪಾಟು ಟೈಲ್ಸ್ ಮೇಲೆ ಜಾರಿ ಬಿದ್ದನಂತೆ. ನಾನು ಸಿಸಿಟಿವಿ ಕೇಳಿದೆ. ಪ್ರತಿ ಠಾಣೆಯಲ್ಲೂ ಕ್ಯಾಮೆರಾ ಇರಬೇಕು, ಕಮ್ಮಿ ಅಂದರೂ ಒಂದು ವರ್ಷದ ದೃಶ್ಯ ಉಳಿಸಿಡಬೇಕು ಅಂತ ಸುಪ್ರೀಂ ಕೋರ್ಟಿನ 2020ರ ಡಿಸೆಂಬರ್ ಆದೇಶ ಇದೆ ಅಲ್ವಾ. ಕ್ಯಾಮೆರಾಕ್ಕೆ ಸಿಡಿಲು ಹೊಡೆದಿದೆ ಅಂದರು. ಮಲೆನಾಡಿನಲ್ಲಿ ಸಿಡಿಲಿಗೆ ಟಿವಿ, ಫ್ರಿಜ್ಜು ಹೋಗುವುದು ನಿಜ. ಆದರೆ ಕಂಪ್ಯೂಟರಿಗೆ, ಫ್ಯಾನಿಗೆ ಏನೂ ಆಗದೆ ಅದೊಂದಕ್ಕೇ ಹೊಡೆಯುವ ಸಿಡಿಲು ನಾನು ನೋಡಿಲ್ಲ.

ಅವತ್ತಿನಿಂದ ಅವನು ಮರ ಹತ್ತಿಲ್ಲ. ಅಡಿಕೆಯ ಕೊಳೆರೋಗಕ್ಕೆ ಎರಡನೇ ಸಲ ಔಷಧಿ ಹೊಡೆಯುವ ಹೊತ್ತು ಅದು. ಬೇರೆ ಕೊನೆಗೌಡ ಸಿಗಲಿಲ್ಲ, ಮೈಲುತುತ್ತು ಸುಣ್ಣ ತಂದಿಟ್ಟದ್ದು ಕೊಟ್ಟಿಗೆಯಲ್ಲೇ ಉಳಿಯಿತು, ಶ್ರಾವಣದ ಹೊತ್ತಿಗೆ ತೋಟದ ತುಂಬ ಎಳೆಕಾಯಿ ಉದುರಿ ಬಿದ್ದಿತ್ತು. ಕಳ್ಳ ಒಯ್ದದ್ದಕ್ಕಿಂತ ಅದೇ ಜಾಸ್ತಿ. ಅವನನ್ನು ನೋಡಲು ಹೋದರೆ, "ನಂಗೆ ಇನ್ನು ಮರ ಹತ್ತೂಕೆ ಆಗೂದಿಲ್ಲ ಒಡೆಯಾ" ಅಂದ, ಅಷ್ಟೇ. ಬೈದಿದ್ದರೆ ಚೆನ್ನಾಗಿತ್ತು. ಠಾಣೆಗೆ ಹೋದವನು ನಾನು, ಭುಜ ಹೋದದ್ದು ಅವನದು.

ಯಾರಿಗೆ ಹೇಳಬೇಕಿತ್ತು? ದೇವಿಮನೆ ಘಾಟಿ ಇಳಿದು ಕುಮಟಾ, ಅಂಕೋಲಾ ದಾಟಿ ಜಿಲ್ಲಾ ಕೇಂದ್ರ ಕಾರವಾರಕ್ಕೆ ಹೋಗಿ ಬಂದೆ, ಮೂರು ಸಲ. ಹೋಗಲು ಅರ್ಧ ದಿನ, ಬರಲು ಅರ್ಧ ದಿನ. ಒಂದು ಕಚೇರಿಯಲ್ಲಿ ಅರ್ಜಿ ತೆಗೆದುಕೊಂಡು, ವರದಿ ಕೇಳುತ್ತೇವೆ ಅಂದರು. ವರದಿ ಕೇಳಿದ್ದು ಅದೇ ಠಾಣೆಯನ್ನು.

ಇದು ಇವತ್ತಿನ ರೋಗ ಅಲ್ಲ. ಇದಕ್ಕೆ ಮದ್ದು ಕೇಳಿಕೊಂಡು ಕೋರ್ಟಿಗೆ ಹೋದವರು ಪೊಲೀಸ್ ವಿರೋಧಿಗಳೇನೂ ಅಲ್ಲ, ಹಿಂದೆ ಉತ್ತರ ಪ್ರದೇಶದ ಡಿಜಿಪಿಯಾಗಿದ್ದ ಪ್ರಕಾಶ್ ಸಿಂಗ್. 1996ರಲ್ಲಿ ಅರ್ಜಿ, 2006ರ ಸೆಪ್ಟೆಂಬರ್ 22ಕ್ಕೆ ತೀರ್ಪು. ಪ್ರತಿ ರಾಜ್ಯದಲ್ಲೂ ಒಂದು ಭದ್ರತಾ ಆಯೋಗ ಇರಲಿ, ಅದು ಪೊಲೀಸರ ಕೆಲಸವನ್ನು ಅಳೆಯಲಿ, ಅದರ ವರದಿ ವಿಧಾನಮಂಡಲದ ಮುಂದೆ ಬರಲಿ ಅಂತ ಕೋರ್ಟು ಹೇಳಿತು. ಮುಖ್ಯಮಂತ್ರಿ ಅಥವಾ ಗೃಹ ಸಚಿವರು ಅಧ್ಯಕ್ಷರು, ಡಿಜಿಪಿ ಕಾರ್ಯದರ್ಶಿ. ಉಳಿದ ಸದಸ್ಯರನ್ನು ಮಾತ್ರ ಸರ್ಕಾರದ ಹಂಗಿಲ್ಲದೆ ಮಾತಾಡುವಂತೆ ಆರಿಸಬೇಕು. ನಮ್ಮ ರಾಜ್ಯವೂ 2012ರಲ್ಲಿ ಪೊಲೀಸ್ ಕಾಯ್ದೆಗೆ ತಿದ್ದುಪಡಿ ತಂದು ಆಯೋಗವನ್ನೂ ಪೊಲೀಸರ ಮೇಲಿನ ದೂರು ಕೇಳುವ ಪ್ರಾಧಿಕಾರವನ್ನೂ ಸೇರಿಸಿತು. ಕಾಗದದಲ್ಲಿ ನಮಗೆ ಯಾವುದಕ್ಕೂ ಕೊರತೆ ಇಲ್ಲ ಬಿಡಿ.

ಅದಕ್ಕೇ ಕೇಳುತ್ತಿದ್ದೇನೆ, ಆ ಉಳಿದ ಸದಸ್ಯರಲ್ಲಿ ಒಬ್ಬರು ಬೆಂಚಿನ ಮೇಲೆ ಕೂತವರಿರಲಿ. ಪೊಲೀಸ್ ತರಬೇತಿ ಹೊರಗಿನವರಿಗೆ ಅರ್ಥವಾಗುವುದಿಲ್ಲ ಅಂತ ಯಾರಾದರೂ ನಿಮಗೆ ಹೇಳಬಹುದು. ನನಗೂ ಮರ ಹತ್ತಲು ಬರುವುದಿಲ್ಲ, ಆದರೆ ಕೊನೆ ಸರಿಯಾಗಿ ಇಳಿಯಿತೋ ಉದುರಿ ಹಾಳಾಯಿತೋ ಅಂತ ನೆಲದಲ್ಲಿ ನಿಂತೇ ಹೇಳುತ್ತೇನೆ. ಖಾನಾಪುರದಲ್ಲೋ ಚನ್ನಪಟ್ಟಣದಲ್ಲೋ ತರಬೇತಿ ಮುಗಿಸಿ ಬರುವ ಹುಡುಗರಿಗೆ ಕವಾಯತು ಚೆನ್ನಾಗಿ ಬರುತ್ತದೆ, ಎದುರಿಗೆ ನಿಂತ ಮುದುಕನಿಗೆ ಕೂತ್ಕೊಳ್ಳಿ ಅನ್ನಲು ಬರುವುದಿಲ್ಲ. ಅದನ್ನು ಆ ಸಭೆಯಲ್ಲಿ ಹೇಳುವವರು ಯಾರು? ಡಿಜಿಪಿಯವರು ಹೇಳುತ್ತಾರಾ?

ನನ್ನನ್ನೇ ಮಾಡಿ ಅಂತಲ್ಲ. ಬೆಂಗಳೂರು ಬಸ್ಸು ಹತ್ತಿದರೆ ನನಗೆ ಸೊಂಟ ಹಿಡಿಯುತ್ತದೆ. ಮುಂಡಗೋಡದ ಕೂಲಿ ಮಾಡುವ ಹೆಂಗಸಾದರೂ ಸರಿ, ಕಾರವಾರದಲ್ಲಿ ಮೀನು ಮಾರುವವಳಾದರೂ ಸರಿ. ಕೊಂಕಣಿಯಲ್ಲಿ ಹೇಳಿದ ದೂರು ಕನ್ನಡದಲ್ಲಿ ಏನಾಗುತ್ತದೆ ಅಂತ ಆಕೆ ನಿಮಗೆ ಹೇಳಿಯಾಳು. ಯಾರನ್ನಾದರೂ ಮಾಡಿ, ಮಾಡಿ ಅಷ್ಟೇ. ಮಾಡಿದ ಮೇಲೆ ಸದಸ್ಯರ ಹೆಸರು ಫೋನ್ ನಂಬರು ಪ್ರತಿ ಠಾಣೆಯ ಗೋಡೆಗೆ ಬರೆಸಿ. ಬೆಂಚಿನ ಎದುರಿನ ಗೋಡೆಯೇ ಆಗಲಿ, ಓದಲು ನಮಗೆ ಬೇಕಾದಷ್ಟು ಹೊತ್ತು ಇರುತ್ತದೆ.

ಈಗ ಮತ್ತೆ ಎರಡನೇ ಔಷಧಿಯ ಹೊತ್ತು ಬಂದಿದೆ. ಹೊಸ ಕೊನೆಗೌಡ ನಾಡಿದ್ದು ಬರುತ್ತೇನೆ ಅಂದಿದ್ದಾನೆ. ಮನೆಗೆ ಬಂದು ಹೋಗುವವರ ಪಟ್ಟಿಯಲ್ಲಿ ನನ್ನ ಹೆಸರು ಬರೆಯುವುದಿಲ್ಲ ತಾನೇ ಅಂತ ಕೇಳಿಯೇ ಒಪ್ಪಿದ.

ಇತಿ,
ಶಿರಸಿ ಕಡೆಯ ಒಬ್ಬ ಬೆಳೆಗಾರ