ಅವರೆ ಬೀಜ ಕಳಿಸ್ಬೇಡಿ ಅಪ್ಪಾಜಿ

ಅಪ್ಪಾಜಿ, ಅವ್ವ, ಅಣ್ಣ, ಅತ್ತಿಗೆ, ಎಲ್ರಿಗೂ ನಮಸ್ಕಾರ.

ನಾವೆಲ್ಲ ಚೆನ್ನಾಗಿದೀವಿ. ಫೋನಲ್ಲಿ ಹೇಳಕ್ ಹೋದ್ರೆ ಇಲ್ಲಿ ಮಕ್ಕಳ ಗಲಾಟೆ, ಅಲ್ಲಿ ಕರೆಂಟ್ ಹೋಗಿ ನೆಟ್ ಕಟ್, ಅರ್ಧ ಮಾತು ಅಲ್ಲೇ ಉಳ್ಕೊಳುತ್ತೆ, ಅದಕ್ಕೇ ಕೂತ್ಕೊಂಡು ಟೈಪ್ ಮಾಡ್ತಿದೀನಿ. ಅಣ್ಣ, ಮಂಡ್ಯಕ್ಕೆ ಹೋದಾಗ ಪ್ರಿಂಟ್ ತೆಗ್ಸಿ ಅಪ್ಪಾಜಿ ಕೈಗೆ ಕೊಡು, ಅವ್ವಂಗೆ ನೀನೇ ಓದಿ ಹೇಳು.

ಮೊದ್ಲು ಮುಖ್ಯವಾದ್ದು. ಮೇಲಿನ ಬೀದಿ ಹುಡುಗ ಅಮೆರಿಕಕ್ಕೆ ಬರ್ತಾನೆ ಅಂತ ಅವರೆ, ಹೀರೆ, ಬದನೆ ಬೀಜ ಎಲ್ಲಾ ಗಂಟು ಕಟ್ಟಿ ಇಟ್ಟಿದೀರಂತೆ ಅಪ್ಪಾಜಿ, ದಯವಿಟ್ಟು ಕೊಟ್ಟು ಕಳಿಸ್ಬೇಡಿ. ಬಿತ್ತೋ ಬೀಜ ಈ ದೇಶದೊಳಗೆ ಬರ್ಬೇಕು ಅಂದ್ರೆ ಅದ್ರಲ್ಲಿ ರೋಗ ಇಲ್ಲ ಹುಳ ಇಲ್ಲ ಅಂತ ನಮ್ ದೇಶದ ಸರ್ಕಾರದ ಸರ್ಟಿಫಿಕೇಟ್ ಜೊತೇಲಿರ್ಬೇಕು, ಇಲ್ದಿದ್ರೆ ಏರ್‌ಪೋರ್ಟಲ್ಲೇ ಕಿತ್ಕೊಂಡು ಬಿಸಾಕ್ತಾರೆ, ಬಚ್ಚಿಟ್ಕೊಂಡು ತಂದು ಸಿಕ್ಕಾಕೊಂಡ್ರೆ ದಂಡ ಬೇರೆ. ಪಾಪ ಆ ಹುಡುಗ ಓದಕ್ಕೆ ಅಂತ ಮೊದಲ್ನೇ ಸಲ ವಿಮಾನ ಹತ್ತಿ ಬರ್ತಿರೋನು, ಅವನ್ಗೆ ಯಾಕೆ ತಲೆನೋವು.

ಇನ್ನೊಂದು ಕಾರಣ ಅವರೆಕಾಯಿದೇ. ಬೀಜ ಬಂದ್ರೂ ಇಲ್ಲಿ ಕಾಯಿ ಬಿಡಲ್ಲ. ನಮ್ ಸೊಗಡಿನ ಅವರೆ ಹಗಲು ಚಿಕ್ಕದಾಗಿ ರಾತ್ರಿ ಉದ್ದ ಆದ್ಮೇಲೆ ತಾನೇ ಹೂ ಕಚ್ಚೋದು, ಇಲ್ಲಿ ಮಿಶಿಗನ್‌ನಲ್ಲಿ ಜೂನ್ ತಿಂಗಳು ಹಗಲೇ 15 ಗಂಟೆ ಮೇಲಿರುತ್ತೆ, ರಾತ್ರಿ ಒಂಬತ್ತಕ್ಕೂ ಬಿಸಿಲು, ಬಳ್ಳಿ ಪಾಡಿಗೆ ಬಳ್ಳಿ ಹಬ್ಬುತ್ತೆ, ಹೂ ಬರೋ ಹೊತ್ತಿಗೆ ಅಕ್ಟೋಬರ್ ಬಂದು ಫ್ರಾಸ್ಟ್, ಅಂದ್ರೆ ಇಬ್ಬನಿ ಹೆಪ್ಪುಗಟ್ಟೋ ಚಳಿ, ಬಿದ್ದು ಒಂದೇ ರಾತ್ರೀಲಿ ಎಲ್ಲಾ ಕರ್ರಗಾಗೋಗುತ್ತೆ. ಹೆಬ್ಬಾಳ ಅವರೆ ಐತಲ್ಲ ಹೆಚ್‌ಎ 3, ಹೆಚ್‌ಎ 4 ಅಂತ, ಅದಕ್ಕೆ ಹಗಲು ರಾತ್ರಿ ಲೆಕ್ಕ ಇಲ್ಲ, ಅದಾದ್ರೆ ಬರ್ಬೋದೇನೋ, ಆದ್ರೆ ಅದ್ರಲ್ಲಿ ಸೊಗಡೇ ಇಲ್ಲ ಅಂತ ಬೈಯೋರು ನೀವೇ. ತಮಾಷೆ ಏನ್ ಗೊತ್ತಾ, ಇಲ್ಲಿ ಅವರೆ ಜಾತಿದೇ ಒಂದು ಬಳ್ಳೀನ, ನೇರಳೆ ಹೂ ನೇರಳೆ ಕಾಯಿದು, ಬೇಲಿ ಮೇಲೆ ಬರೀ ಶೋಕಿಗೆ ಹಬ್ಬಿಸ್ಕೊಳ್ತಾರೆ, ಯಾರೂ ತಿನ್ನಲ್ಲ, ಒಣಗಿದ ಕಾಳು ಹಸೀದು ತಿಂದ್ರೆ ವಿಷ ಅಂತ ಎಚ್ಚರಿಕೆ ಬೇರೆ. ಆ ಗಂಟನ್ನ ಹಿತ್ಲಲ್ಲೇ ಹಾಕಿ, ಡಿಸೆಂಬರಲ್ಲಿ ಬಂದಾಗ ಹಿತಕವರೆ ಮಾಡ್ಕೊಂಡು ತಿನ್ನೋಣ.

ಹಂಗಾದ್ರೆ ಅಲ್ಲಿ ಏನ್ ಬೆಳೀತೀರ ಅಂತೀರ. ಅಲ್ಲಿ ನೀವು ಭರಣಿ, ರೋಹಿಣಿ, ಆರಿದ್ರಾ ಅಂತ ಮಳೆ ಲೆಕ್ಕ ಹಾಕ್ತೀರ, ಕನ್ನಂಬಾಡಿ ಕಟ್ಟೆ 124.80 ಅಡಿ ತುಂಬ್ತಾ ಇಲ್ವಾ ಅಂತ ನೋಡ್ತೀರ. ಇಲ್ಲಿ ಮಳೆ ಬಗ್ಗೆ ಯಾರಿಗೂ ಚಿಂತೆ ಇಲ್ಲ, ಎಲ್ರ ಬಾಯಲ್ಲೂ ಕೊನೇ ಫ್ರಾಸ್ಟ್ ಯಾವಾಗ ಅನ್ನೋದೇ. ಈ ಕಡೆ ಅದು ಹೆಚ್ಚೂ ಕಮ್ಮಿ ಮೇ ಮಧ್ಯಕ್ಕೆ ಮುಗಿಯುತ್ತೆ, ಅದಕ್ಕೆ ಮುಂಚೆ ಟೊಮ್ಯಾಟೊ ಬದನೆ ಹೊರಗೆ ನೆಟ್ರೆ ಕೈ ತೊಳ್ಕೊಂಡಂಗೆ. ಅದಕ್ಕೇ ಆರೆಂಟು ವಾರ ಮುಂಚೇನೇ ಮನೆ ಒಳಗೆ ಸಸಿ ಮಾಡಕ್ಕೆ ಒಟ್ಲು ಹಾಕ್ಬೇಕು, ಅಂದ್ರೆ ಸರಿಯಾಗಿ ಯುಗಾದಿ ಹೊತ್ತಿಗೆ ಬರುತ್ತೆ ಲೆಕ್ಕ! ಊರಲ್ಲಿ ನೀವು ವರ್ಷದ ಮೊದಲ ಉಳುಮೆ ಅಂತ ಹೊನ್ನಾರು ಕಟ್ಟಿದ ದಿನ ಇಲ್ಲಿ ನೆಲ ಗಟ್ಟಿ, ಗುದ್ಲಿ ಇಳಿಯಲ್ಲ, ಹಂಗಾಗಿ ನಮ್ ಹೊನ್ನಾರು ಅಡುಗೆ ಮನೆ ಕಿಟಕಿ ಹತ್ರ ಆಯ್ತು. ಮೊಟ್ಟೆ ತರೋ ರಟ್ಟಿನ ಟ್ರೇ, ಮೊಸರಿನ ಖಾಲಿ ಡಬ್ಬಿ, ಅದಕ್ಕೆ ಮಣ್ಣು ತುಂಬಿ ಅರಿಶಿನ ಕುಂಕುಮ ಇಟ್ಟು ನಿಮ್ ಮೊಮ್ಮಗಳು ಚಿನ್ನಿ ಮೆಣಸಿನಕಾಯಿ ಬೀಜ ಹಾಕಿದ್ಲು, ಪುಟ್ಟ ಅರ್ಧ ಮಣ್ಣು ನೆಲದ್ ಮೇಲೆ ಚೆಲ್ಲಿ ಉಳಿದಿದ್ದಕ್ಕೆ ನೀರು ಹಾಕ್ದ. ನಿಮ್ಮಳಿಯಂದ್ರು ಮೇಲೆ ಒಂದು ಟ್ಯೂಬ್‌ಲೈಟ್ ನೇತಾಕಿದ್ರು, ಇಲ್ಲಾಂದ್ರೆ ಬೆಳಕು ಸಾಲ್ದೆ ಸಸಿ ಬರೀ ಉದ್ದ ಹೋಗಿ ಬಗ್ಗೋಗುತ್ತೆ.

ನೆಲದಲ್ಲೇ ಹಾಕಿ ಅಂದ್ರಲ್ಲ, ಅದು ಯಾಕ್ ಬೇಡ ಅಂದಿದ್ದು ಅಂದ್ರೆ ನಮ್ದು ಹಳೇ ಮನೆ. 1978ಕ್ಕೆ ಮುಂಚೆ ಇಲ್ಲಿ ಗೋಡೆ ಪೇಂಟಲ್ಲಿ ಸೀಸ ಇರ್ತಿತ್ತು, ಆಮೇಲೆ ಬ್ಯಾನ್ ಮಾಡಿದ್ರು, ಆ ಪೇಂಟ್ ಉದುರಿ ಗೋಡೆ ಪಕ್ಕದ ಮಣ್ಣಲ್ಲಿ ಸೇರ್ಕೊಂಡಿರುತ್ತೆ, ಚಿಕ್ಕ ಮಕ್ಕಳ ಮೆದುಳಿಗೆ ಅದು ಒಳ್ಳೇದಲ್ಲ, ನಮ್ ಪುಟ್ಟ ಅಂತೂ ಮಣ್ಣಾಡಿದ ಕೈನ ಹಂಗೇ ಬಾಯಿಗೆ ಹಾಕೋನು. ಮಣ್ಣು ಲ್ಯಾಬಿಗೆ ಕಳ್ಸಿ ಟೆಸ್ಟ್ ಮಾಡಿಸ್ಬೋದು, ಮಾಡಿಸ್ತಾರೆ ಕೂಡ, ನಾವು ಅದ್ರ ಜೊತೆಗೆ ಗೋಡೆಯಿಂದ ದೂರ, ಬಿಸಿಲು ಬೀಳೋ ಜಾಗದಲ್ಲಿ ದೇವದಾರು ಹಲಗೆ ಹೊಡೆದು ಎತ್ತರದ ಮಡಿ ಮಾಡಿದ್ವಿ. ದೊಡ್ಡದು ನಾಲ್ಕಡಿಗೆ ಎಂಟಡಿ, ಮಕ್ಕಳದ್ದು ಅಗಲ ಮೂರೇ ಅಡಿ, ಯಾಕಂದ್ರೆ ಎರಡೂ ಕಡೆಯಿಂದ ಕೈ ನಡುವಿಗೆ ಎಟುಕ್ಬೇಕು, ಇಲ್ದಿದ್ರೆ ಒಳಗೆ ಹತ್ತಿ ಸಸಿ ತುಳ್ದು ಹಾಕ್ತವೆ. ಗೊಬ್ಬರದ ಕತೆ ಕೇಳ್ಬೇಡಿ. ಹಸು ಸಗಣಿ ಗೊಬ್ಬರಾನ ಬಣ್ಣದ ಪ್ಲಾಸ್ಟಿಕ್ ಚೀಲದಲ್ಲಿ ಪ್ಯಾಕ್ ಮಾಡಿ ಡಾಲರ್ ಲೆಕ್ಕದಲ್ಲಿ ಮಾರ್ತಾರೆ, ನಮ್ ತಿಪ್ಪೆ ನೆನೆಸ್ಕೊಂಡು ಬಿಲ್ ಕೊಟ್ಟೆ.

ಮಕ್ಕಳ ಮಡೀಲಿ ಏನ್ ಹಾಕ್ಬೇಕು ಅನ್ನೋದ್ರಲ್ಲಿ ನನ್ನದೊಂದು ಹಠ. ಅವರ ಕೈಗೆ ಸಿಗೋವಷ್ಟು ದಪ್ಪ ಬೀಜ ಇರ್ಬೇಕು, ಇಲ್ಲಾ ಬೇಗ ಮೇಲೆ ಬರ್ಬೇಕು. ಕ್ಯಾರೆಟ್ ಬೀಜ ಚಂದ ಅಂತ ಎಲ್ಲಾ ಹೇಳ್ತಾರೆ, ಆದ್ರೆ ಅದು ತೀರಾ ಸಣ್ಣ, ಮೊಳಕೆ ಬರಕ್ಕೇ ಎರಡು ಮೂರು ವಾರ, ಅಷ್ಟರಲ್ಲಿ ಮಗೂಗೆ ಆಸೆ ಹೋಗಿರುತ್ತೆ. ಹುರುಳಿಕಾಯಿ, ಕುಂಬಳ, ಸೂರ್ಯಕಾಂತಿ ಹಾಕಿದ್ವಿ, ಜೊತೆಗೆ ಕೆಂಪು ಮೂಲಂಗಿ, ಅದು ತಿಂಗಳೊಳಗೆ ಕಿತ್ತು ತಿನ್ಬೋದು. ಖಾರ ಅಂತ ಚಿನ್ನಿ ಉಗಿದ್ಲು, ಪುಟ್ಟ ಮಾತ್ರ ಅಕ್ಕ ಉಗಿದಿದ್ದಕ್ಕೇ ತಾನು ಎರಡು ತಿಂದ. ಮೆಂತ್ಯ ಕೊತ್ತಂಬರಿಗೆ ಬೀಜದ ಪ್ಯಾಕೆಟ್ ತರಕ್ಕೇ ಹೋಗ್ಲಿಲ್ಲ, ಅಡುಗೆ ಮನೆ ಡಬ್ಬೀದೇ.

ಕೊತ್ತಂಬರಿ ಬೀಜ ಒಡೆಯೋದನ್ನ ನೀವು ನೋಡ್ಬೇಕಿತ್ತು ಅವ್ವ. ನೀನು ಜಗಲಿ ಮೇಲೆ ಚಪ್ಪಲೀಲಿ ಉಜ್ತಿದ್ದೆಯಲ್ಲ, ಅದೇ ತರ ಸಿಮೆಂಟ್ ಮೇಲೆ ಹರಡಿ ಚಿನ್ನಿ ಕೈಗೆ ಹವಾಯಿ ಚಪ್ಪಲಿ ಕೊಟ್ಟೆ, ಮೆತ್ತಗೆ ಉಜ್ಜು, ಎರಡು ಹೋಳಾದ್ರೆ ಸಾಕು ಪುಡಿ ಮಾಡ್ಬೇಡ ಅಂದೆ. ಅವಳು ನಾಲಿಗೆ ಕಚ್ಕೊಂಡು ಒಂದೊಂದೇ ಹೋಳು ಎತ್ತಿ ನೋಡಿ, ಇದು ಅಮ್ಮಂದು, ಇದು ಅಪ್ಪಂದು ಅಂತ ಬೇರೆ ಬೇರೆ ಇಡೋಳು. ಪುಟ್ಟಂಗೆ ಅಷ್ಟು ತಾಳ್ಮೆ ಎಲ್ಲಿ, ಎರಡೂ ಕಾಲಲ್ಲಿ ಕುಣಿದ. ಪಕ್ಕದ ಮನೆ ಅಜ್ಜಿ ಬೇಲಿ ಆಚೆಯಿಂದ ನೋಡಿ ಏನ್ ಪೂಜೆ ಇದು ಅಂತ ಕೇಳಿದ್ರು.

ಹುರುಳಿಕಾಯಿ ಮೊಳಕೆ ಬಂದ ದಿನ ಪುಟ್ಟ ನನ್ ಸೆರಗು ಹಿಡ್ಕೊಂಡು ಎಳೆದ, ಸೆರಗು ಅಂದ್ರೆ ಟೀ ಶರ್ಟು ಬಿಡಿ, ಅಮ್ಮಾ ಅದು ಬೀಜಾನ ತಲೆ ಮೇಲೆ ಹೊತ್ಕೊಂಡ್ ಬರ್ತಿದೆ ಅಂತ. ಬಗ್ಗಿ ನೋಡಿದ್ರೆ ನಿಜ, ಕುತ್ತಿಗೆ ಬಗ್ಗಿಸ್ಕೊಂಡು ಮಣ್ಣು ಒಡ್ಕೊಂಡು ಎರಡು ಬೇಳೇನೂ ಮೇಲೆ ಎತ್ಕೊಂಡು ಬಂದಿತ್ತು. ಮಾರನೇ ದಿನದಿಂದ ಶುರು, ಉಳಿದಿದ್ದೂ ಬರ್ತಾ ಇದ್ಯಾ ಅಂತ ಅಗೆದು ನೋಡೋದು, ಮತ್ತೆ ಮುಚ್ಚೋದು. ನಿಮ್ಮಳಿಯಂದ್ರು ಬೈಯಕ್ ಹೋದ್ರು, ನಾನು ಬಿಡಿ ಅಂದೆ. ಆ ಮಡಿ ಅವರದ್ದು, ಅಲ್ಲಿ ಸಾಲು ಸೊಟ್ಟಗಿರ್ಲಿ, ಒಂದೇ ಗುಂಡೀಲಿ ಹತ್ತು ಬೀಜ ಬೀಳ್ಲಿ, ನಾವು ಕೈ ಹಾಕಲ್ಲ. ಸಾರಿಗೆ ಬೇಕಾದ್ದು ದೊಡ್ಡ ಮಡೀಲಿದೆ. ಆಟದ ಸಾಮಾನು ತರದ ಪ್ಲಾಸ್ಟಿಕ್ ಗುದ್ಲಿ ಸೆಟ್ ಅಂಗಡೀಲಿ ಸಿಗುತ್ತೆ, ಒಂದ್ ಹೆಂಟೆಗೆ ಮುರ್ಕೊಳುತ್ತೆ, ದುಡ್ಡು ದಂಡ, ಅದ್ರ ಬದ್ಲು ಕಬ್ಬಿಣದ್ದೇ ಪುಟ್ಟದು ಕೊಡ್ಸಿದೀನಿ. ನೀರು ಹಾಕಕ್ಕೆ ಸ್ನಾನದ ಮಗ್ಗು.

ನಿಮಗೆ ಹಂದಿ, ನವಿಲು ಕಾಟ, ನಮಗೆ ಮೊಲ. ಬೇಲಿ ಸಂದೀಲಿ ನುಗ್ಗಿ ಬೆಳಗಾಗೋದ್ರೊಳಗೆ ಹುರುಳಿಕಾಯಿ ಸಸಿ ಅರ್ಧ ಸಾಲು ಮೇಯ್ದು ಹೋಗಿತ್ತು. ಕೋಳಿ ಗೂಡಿಗೆ ಹಾಕೋ ಜಾಲರೀನ ಎರಡಡಿ ಎತ್ತರ ಸುತ್ತಾ ಕಟ್ಟಿ ಕೆಳಗೆ ಮಣ್ಣಲ್ಲೂ ಒಂದು ಗೇಣು ಹೂತ್ಮೇಲೆ ನಿಂತಿದೆ. ಮಕ್ಕಳು ಚಿನ್ನಿ ಹಳೇ ಜಾಕೆಟ್ ಹಾಕಿ ಬೆರ್ಚಪ್ಪ ಮಾಡಿದಾರೆ, ಮೊಲ ಅದಕ್ಕೇನೂ ಹೆದರಲ್ಲ, ರಾತ್ರಿ ಬಾಗಿಲು ತೆಗೆದಾಗ ಹೆದರೋಳು ನಾನು.

ಅವ್ವ, ನಿನಗೆ ಖುಷಿ ಆಗೋ ಸುದ್ದಿ. ನಾವು ಬಿತ್ತದೇನೇ ಮಡೀಲಿ ಗೋಣಿ ಸೊಪ್ಪು ಎದ್ದಿದೆ! ಇಲ್ಲಿಯೋರಿಗೆ ಅದು ಕಳೆ, ಕಿತ್ತು ಕಿತ್ತು ಎಸೀತಾರೆ. ಆದ್ರೆ ಅದೇ ತರ ನೆಲಕ್ಕೆ ಹಬ್ಬೋ ಇನ್ನೊಂದು ಗಿಡಾನೂ ಇದೆ, ಅದು ವಿಷ, ಕಡ್ಡಿ ಮುರಿದ್ರೆ ಹಾಲು ಬರುತ್ತೆ, ಗೋಣಿ ಸೊಪ್ಪಲ್ಲಿ ಹಾಲು ಬರಲ್ಲ, ಕಡ್ಡಿ ದಪ್ಪ, ಎಲೇನೂ ದಪ್ಪ. ಚಿನ್ನೀಗೆ ಇದು ಕಲಿಸಿದೀನಿ, ಪ್ರತಿ ಕಡ್ಡೀನೂ ಮುರ್ದು ತೋರ್ಸಿ ನನ್ನ ಕೇಳ್ದೆ ಬುಟ್ಟಿಗೆ ಹಾಕಂಗಿಲ್ಲ. ಕೇಳ್ದೆ ಏನನ್ನೂ ಬಾಯಿಗೆ ಹಾಕಂಗಿಲ್ಲ ಅನ್ನೋದು ಇಬ್ಬರಿಗೂ ಕಾನೂನು, ಟೊಮ್ಯಾಟೊ ಗಿಡದ ಎಲೆ ಸಹಾ. ಮೊನ್ನೆ ಗೋಣಿ ಸೊಪ್ಪು, ಮೆಂತ್ಯ, ಮೂಲಂಗಿ ಸೊಪ್ಪು ಸೇರ್ಸಿ ಬೆರಕೆ ಸೊಪ್ಪಿನ ಉಪ್ಸಾರು ಮಾಡಿ ಮುದ್ದೆ ಕಟ್ದೆ. ಉಪ್ಸಾರು ಸರಿ ಬಂತು, ಖಾರ ಮಾತ್ರ ನಿನ್ನಂಗೆ ಬರ್ಲಿಲ್ಲ. ಹಸಿಮೆಣಸಿನಕಾಯಿ ಸುಡ್ತೀಯೋ ಬೇಯಿಸ್ತೀಯೋ, ಜೀರಿಗೆ ಎಷ್ಟು, ಹುಣಸೆಹಣ್ಣು ಹಾಕ್ತೀಯೋ ಇಲ್ವೋ, ಅತ್ತಿಗೆ ಹತ್ರ ಹೇಳಿ ವಾಯ್ಸ್ ಮೆಸೇಜ್ ಹಾಕ್ಸು. ಅಳತೆ ಕೇಳಿದ್ರೆ ಕೈ ಅಳತೆ ಅನ್ಬೇಡ, ಚಮಚದಲ್ಲಿ ಹೇಳು.

ಅಪ್ಪಾಜಿ, ನಿಮ್ಮನ್ನ ಕೇಳ್ಬೇಕಾಗಿದ್ದು ಒಂದಿದೆ. ಬದನೆ ಗಿಡದ ಎಲೆ ತುಂಬಾ ಜರಡಿ ಹಿಡಿದಂಗೆ ಸಣ್ಣ ಸಣ್ಣ ತೂತು, ಮುಟ್ಟಕ್ ಹೋದ್ರೆ ಕರ್ರಗಿರೋ ಚಿಟುಕು ಹುಳ ಹಾರೋಗುತ್ತೆ. ಮಕ್ಕಳು ಓಡಾಡೋ ಜಾಗ, ಔಷಧಿ ಹೊಡೆಯಲ್ಲ. ಬೂದಿ ಎರಚಿದ್ರೆ ಹೋಗುತ್ತಾ, ಬೇವಿನೆಣ್ಣೆ ಇಲ್ಲೂ ಸಿಗುತ್ತೆ, ಒಂದ್ ಲೀಟರ್ ನೀರಿಗೆ ಎಷ್ಟು ಹಾಕ್ತಿದ್ರಿ? ಭಾನುವಾರ ಫೋಟೋ ತೆಗೆದು ಅಣ್ಣಂಗೆ ಕಳಿಸ್ತೀನಿ, ಕನ್ನಡಕ ಹಾಕ್ಕೊಂಡು ನೋಡಿ ಹೇಳಿ.

ನಾಲೆಗೆ ನೀರು ಯಾವಾಗ ಬಿಡ್ತಾರಂತೆ? ಈ ಸಲ ಭತ್ತಾನೋ ಕಬ್ಬು ಕೂಳೇನೇ ಬಿಡ್ತೀರೋ, ಅಣ್ಣ ಏನಂತಾನೆ? ಅತ್ತಿಗೆ ಮಂಡಿ ನೋವು ಹೆಂಗಿದೆ, ಆಸ್ಪತ್ರೆಗೆ ತೋರ್ಸಿದ್ರಾ, ಬರೀರಿ.

ನಿಮ್ಮ ಮಗಳು