ತುಮರಿ ಕಡೆಗೂ ಒಂದು ಪುಟ್ಟ ಮ್ಯೂಸಿಯಂ ಬೇಕು

ಮಾನ್ಯ ಸಂಪಾದಕರೇ,

ಶರಾವತಿ ಹಿನ್ನೀರಿನ ಮೇಲಿನ ಸಿಗಂದೂರು ಸೇತುವೆ ಬಗ್ಗೆ ನಿಮ್ಮ ಪೇಪರಲ್ಲಿ ಬಂದಿದ್ದೆಲ್ಲ ಓದಿದೀನಿ. 2025ರ ಜುಲೈನಲ್ಲಿ ಓಪನ್ ಆದಾಗ ಮನೆಮಂದಿಯೆಲ್ಲ ಟಿವಿ ಮುಂದೆ ಕೂತಿದ್ವಿ. ಖುಷಿನೇ ಬಿಡಿ, ತುಮರಿ ಸುತ್ತಿನ ಕರೂರು ಸೀಮೆ ಜನ ಅರವತ್ತು ವರ್ಷದ ಹತ್ತಿರ ಲಾಂಚಿಗೆ ಕಾದೋರು, ಸಂಜೆ ಕಡೇ ಲಾಂಚ್ ತಪ್ಪಿದ್ರೆ ಆಚೆ ದಡದಲ್ಲೇ ಯಾರ ಮನೆ ಜಗಲಿ ಅಂತ ಹುಡುಕ್ಬೇಕಿತ್ತು, ರಾತ್ರಿ ಹೊತ್ತು ಯಾರಿಗಾದ್ರೂ ಹೆರಿಗೆ ನೋವು ಬಂದ್ರೆ ದೇವರೇ ಗತಿ. ಹಂಗಾಗಿ ಸೇತುವೆ ಬಗ್ಗೆ ನಂದೇನೂ ತಕರಾರಿಲ್ಲ. ನಾನು ಬರೀತಿರೋದು ಲಾಂಚ್ ಬಗ್ಗೆ, ಲಾಂಚ್ ಯಾಕೆ ಬೇಕಾಯ್ತೋ ಆ ಲಿಂಗನಮಕ್ಕಿ ಡ್ಯಾಂ ಮುಳುಗಡೆ ಬಗ್ಗೆ, ಅದರ ನೆನಪು ಎಲ್ಲಿ ಇಡ್ತೀವಿ ಅನ್ನೋದರ ಬಗ್ಗೆ. ಈ ಯೋಚನೆ ಬಂದಿದ್ದು ಮಾತ್ರ ಊರಲ್ಲಲ್ಲ, ಅಮೆರಿಕದಲ್ಲಿ, ಅದನ್ನ ಸ್ವಲ್ಪ ಉದ್ದಕ್ಕೇ ಹೇಳ್ತೀನಿ, ಬೇಜಾರಾಗ್ಬೇಡಿ.

ಮಗಳ ಬಾಣಂತನಕ್ಕೆ ಅಂತ ಸಿಯಾಟಲ್ ಕಡೆ ಹೋಗಿದ್ದೆ. ಅಲ್ಲಿ ಮೈಕ್ರೋಸಾಫ್ಟ್ ಅಮೆಜಾನ್ ಅಂತ ಕನ್ನಡದೋರು ಬೇಕಾದಷ್ಟು ಜನ ಇದಾರೆ, ಮಾತಿಗೇನೂ ಬರ ಇಲ್ಲ. ಒಂದು ಭಾನುವಾರ ಅಳಿಯಂದಿರು "ಅತ್ತೆ, ಇಲ್ಲೇ ಹತ್ರ ಒಂದು ದ್ವೀಪ ಇದೆ, ಮಗೂನ ಕಟ್ಕೊಂಡು ಹೋಗಿ ಬರೋಣ" ಅಂದ್ರು. ಬೈನ್‌ಬ್ರಿಡ್ಜ್ ಐಲ್ಯಾಂಡ್ ಅಂತ. ಫೆರ್ರಿಲಿ 35 ನಿಮಿಷ. ಫೆರ್ರಿ ಅಂದ್ರೆ ನಮ್ಮ ಲಾಂಚೇ, ಆದ್ರೆ ಹೊಟ್ಟೆ ತುಂಬ ಕಾರು ಲಾರಿ ಹಾಕ್ಕೊಳ್ಳುತ್ತೆ, ಮೇಲೆ ಕಾಫಿ ಅಂಗಡಿ, ಗಾಜಿನ ಕಿಟಕಿ. ಇನ್ನೊಂದು ಮಜಾ ಅಂದ್ರೆ ನಡ್ಕೊಂಡು ಹತ್ತೋರಿಗೆ ಸಿಯಾಟಲ್‌ನಿಂದ ಹೋಗೋವಾಗ ಮಾತ್ರ ಟಿಕೆಟ್, ದ್ವೀಪದಿಂದ ವಾಪಸ್ ಬರೋದು ಫ್ರೀ! ಹೋದೋರು ವಾಪಸ್ ಬರ್ಲೇಬೇಕಲ್ಲ ಅನ್ನೋ ಲೆಕ್ಕ ಇರ್ಬೇಕು.

ಇಳಿದು ಸ್ವಲ್ಪ ದೂರ ನಡೆದ್ರೆ ಮ್ಯೂಸಿಯಂ. ನಾನು ದೊಡ್ಡದೇನೋ ಕಟ್ಟಡ ಅಂದ್ಕೊಂಡಿದ್ದೆ, ನೋಡಿದ್ರೆ ಕೆಂಪು ಬಣ್ಣ ಹೊಡೆದ ಮರದ ಸ್ಕೂಲು, 1908ರದ್ದು. ಮಕ್ಕಳಿಲ್ಲದೆ ಸುಮ್ನೆ ನಿಂತಿದ್ದ ಸ್ಕೂಲನ್ನ ಉಳಿಸ್ಕೊಂಡು ಮ್ಯೂಸಿಯಂ ಮಾಡಿದಾರೆ. ಊರಿನೋರೇ ನಡೆಸೋದು. ಟೇಬಲ್ ಹತ್ರ ಕೂತಿದ್ದ ಅಜ್ಜಿ ಸಂಬಳ ಇಲ್ಲದೆ ಬಂದು ಕೂತ್ಕೊಳ್ಳೋರಂತೆ, ನನ್ನ ಸೀರೆ ನೋಡಿ ಬಾಯ್ತುಂಬ ನಕ್ಕರು.

ಒಳಗೆ ಏನಿದೆ ಅಂತ ಕೇಳ್ತೀರಾ. ರಾಜರ ಕತ್ತಿ, ನಾಣ್ಯ, ವಿಗ್ರಹ ಯಾವುದೂ ಇಲ್ಲ. ಆ ದ್ವೀಪದಲ್ಲಿ ಮೊದಲಿಂದ ಇದ್ದ ಸುಕ್ವಾಮಿಷ್ ಅನ್ನೋ ಮೂಲನಿವಾಸಿ ಜನರ ವಿಷಯ, ಆಮೇಲೆ 1864ರಲ್ಲಿ ಶುರುವಾದ ಪೋರ್ಟ್ ಬ್ಲೇಕ್ಲಿ ಅನ್ನೋ ಸಾ ಮಿಲ್ಲು, ಒಂದು ಕಾಲಕ್ಕೆ ಪ್ರಪಂಚದಲ್ಲೇ ಅತಿ ದೊಡ್ಡ ಮಿಲ್ಲುಗಳಲ್ಲಿ ಒಂದಂತೆ, ಆ ಮಿಲ್ಲಿಗೆ ಕೂಲಿಗೆ ಅಂತ ಜಪಾನಿನಿಂದ ಬಂದೋರು, ಮಿಲ್ಲು ಮುಚ್ಚಿದ್ಮೇಲೆ ಅವರು ಕಾಡು ಕಡಿದು ಸ್ಟ್ರಾಬೆರಿ ತೋಟ ಮಾಡಿದ್ದು, ತೋಟದ ಕೆಲಸಕ್ಕೆ ಫಿಲಿಪೀನ್ಸ್‌ನಿಂದ ಬಂದೋರು, ಹಣ್ಣು ಕೀಳೋಕೆ ಕೆನಡಾದಿಂದ ಬರ್ತಿದ್ದ ಮೂಲನಿವಾಸಿ ಹೆಣ್ಣುಮಕ್ಕಳು, ಅವರಿಗೂ ಫಿಲಿಪೀನ್ಸ್ ಹುಡುಗರಿಗೂ ಮದುವೆ ಆಗಿ ಅಲ್ಲೇ ನಿಂತಿದ್ದು. ಎಲ್ಲಾ ಕೂಲಿನಾಲಿ ಮಾಡಿದೋರ ಕಥೆನೇ. ಜಪಾನಿನಲ್ಲಿ ಹುಟ್ಟಿದೋರು ಅಲ್ಲಿ ಸ್ವಂತ ಹೆಸರಿಗೆ ಜಮೀನು ಮಾಡ್ಕೊಳ್ಳೋ ಹಂಗಿರ್ಲಿಲ್ಲ, ನಾಗರಿಕರಾಗೋಕೂ ಕಾನೂನು ಬಿಡ್ತಿರ್ಲಿಲ್ಲ, ಅದಕ್ಕೆ ಅಲ್ಲೇ ಹುಟ್ಟಿದ ಮಕ್ಕಳ ಹೆಸರಲ್ಲಿ ಜಮೀನು ಮಾಡೋರಂತೆ. ಗೇಣಿ ಮಾಡ್ಕೊಂಡು ಬದುಕಿದ ನಮ್ಮ ತಾಲ್ಲೂಕಿನೋರಿಗೆ, ಕಾಗೋಡು ಸತ್ಯಾಗ್ರಹ ಕಂಡ ನೆಲದೋರಿಗೆ, ಇದನ್ನೆಲ್ಲ ಬಿಡಿಸಿ ಹೇಳ್ಬೇಕಾಗಿಲ್ಲ.

ಆದ್ರೆ ಆ ಮ್ಯೂಸಿಯಂನ ಜೀವ ಇರೋದು 1942ರಲ್ಲಿ. 1941ರ ಡಿಸೆಂಬರ್‌ನಲ್ಲಿ ಜಪಾನು ಪರ್ಲ್ ಹಾರ್ಬರ್ ಮೇಲೆ ಬಾಂಬ್ ಹಾಕ್ತು, ಫೆಬ್ರವರಿ 19ಕ್ಕೆ ಪ್ರೆಸಿಡೆಂಟ್ ರೂಸ್ವೆಲ್ಟ್ ಒಂದು ಆರ್ಡರಿಗೆ ಸೈನ್ ಹಾಕಿದ್ರು, ಆ ಆರ್ಡರ್ ಹಿಡ್ಕೊಂಡು ಪಶ್ಚಿಮ ಕರಾವಳಿಯಲ್ಲಿದ್ದ ಜಪಾನಿ ಮೂಲದೋರನ್ನೆಲ್ಲ ಮಿಲಿಟರಿಯೋರು ಎಬ್ಬಿಸಿ ಕ್ಯಾಂಪಿಗೆ ಹಾಕಿದ್ರು. ಒಟ್ಟು 1,20,000 ಜನದ ಹತ್ತಿರ, ಅದ್ರಲ್ಲಿ ಮೂರಲ್ಲಿ ಎರಡು ಪಾಲು ಅಲ್ಲೇ ಹುಟ್ಟಿದ ಅಮೆರಿಕದ ನಾಗರಿಕರು. ಮೊಟ್ಟಮೊದಲು ಎಬ್ಬಿಸಿದ್ದೇ ಈ ದ್ವೀಪದೋರನ್ನ, ಯಾಕಂದ್ರೆ ಪಕ್ಕದಲ್ಲೇ ನೌಕಾಪಡೆ ಹಡಗುಕಟ್ಟೆ ಇತ್ತು, ದ್ವೀಪದ ಮೇಲೇ ಜಪಾನಿನ ರೇಡಿಯೋ ಸಂದೇಶ ಕದ್ದು ಕೇಳೋ ಸ್ಟೇಷನ್ ಒಂದಿತ್ತು. ಮಾರ್ಚ್ 24ಕ್ಕೆ ನೋಟೀಸು ಅಂಟಿಸಿದ್ರು, 30ಕ್ಕೆ ಹೊರಡಿಸಿದ್ರು. 227 ಜನ. ಕೈಲಿ ಹೊರೋಕಾಗೋಷ್ಟು ಮಾತ್ರ ಸಾಮಾನು. ಸ್ಟ್ರಾಬೆರಿ ಕೊಯ್ಲಿಗೆ ಬರೋಕೆ ಇನ್ನು ಸ್ವಲ್ಪ ದಿನ ಅಷ್ಟೇ ಇತ್ತು. ಅದೇ ಫೆರ್ರಿಲಿ ಹತ್ತಿಸಿ, ಆಮೇಲೆ ರೈಲಲ್ಲಿ ಕ್ಯಾಲಿಫೋರ್ನಿಯಾದ ಮಂಜನಾರ್ ಅನ್ನೋ ಮರಳುಗಾಡಿಗೆ.

ಒಂದು ಫೋಟೋ ಇದೆ, ಅದರ ಮುಂದೆ ನಾನು ಎಷ್ಟೊತ್ತು ನಿಂತೆನೋ. ಒಬ್ಬ ತಾಯಿ, ಚಿಕ್ಕ ವಯಸ್ಸು, ಒಳ್ಳೇ ಕೋಟು, ತಲೆಗೆ ಹ್ಯಾಟು, ಭುಜದ ಮೇಲೆ ನಿದ್ದೆ ಹೋಗಿರೋ ಮಗು. ಮಗು ಕೋಟಿಗೆ ದಾರದಲ್ಲಿ ಒಂದು ಚೀಟಿ ಕಟ್ಟಿದಾರೆ, ಬಸ್ಸಿನ ಟಾಪಿಗೆ ಹಾಕೋ ಮೂಟೆಗೆ ಕಟ್ತೀವಲ್ಲ ಹಂಗೆ. ತಾಯಿ ಅಳ್ತಿಲ್ಲ, ಸುಮ್ನೆ ಎದುರಿಗೆ ನೋಡ್ತಿದಾಳೆ. ಫುಮಿಕೊ ಹಯಾಶಿಡಾ ಅಂತ ಹೆಸರು, ಮಗು ನಟಾಲಿ. ಆ ಫೋಟೋ ಪೇಪರಲ್ಲಿ ಬಂದು ಎಲ್ಲಾ ಕಡೆ ಓಡಾಡಿದ್ರೂ ಅದರಲ್ಲಿರೋಳು ಯಾರು ಅನ್ನೋದು ಎಷ್ಟೋ ವರ್ಷ ಯಾರಿಗೂ ಗೊತ್ತಿರ್ಲಿಲ್ಲವಂತೆ. ಆಮೇಲೆ ಪತ್ತೆ ಆಯ್ತು, 2006ರಲ್ಲಿ ಆಯಮ್ಮ ವಾಷಿಂಗ್ಟನ್ ಡಿಸಿಗೆ ಹೋಗಿ ಪಾರ್ಲಿಮೆಂಟ್ ಕಮಿಟಿ ಮುಂದೆ ಸಾಕ್ಷಿ ಹೇಳಿ, ಆ ದಡದಲ್ಲಿ ಸ್ಮಾರಕ ಆಗ್ಬೇಕು ಅಂತ ಕೇಳಿದ್ರು. 2014ರಲ್ಲಿ 103 ವರ್ಷಕ್ಕೆ ತೀರ್ಕೊಂಡ್ರು. ನನ್ನ ಪಕ್ಕದಲ್ಲಿ ಮಗಳು ಕೂಸನ್ನ ಎದೆಗೆ ಕಟ್ಕೊಂಡು ನಿಂತಿದ್ಲು, ನಾವಿಬ್ರೂ ಏನೂ ಮಾತಾಡ್ಲಿಲ್ಲ.

ಇನ್ನೊಂದು ವಿಷಯಕ್ಕೆ ಬರ್ತೀನಿ, ಸಂಪಾದಕರೇ ಇದು ನಿಮಗೇ ಹೇಳ್ಬೇಕು ಅಂತ ಬಂದಾಗಿಂದ ಕಾಯ್ತಿದ್ದೆ. ಆ ದ್ವೀಪಕ್ಕೆ ಒಂದು ವಾರಪತ್ರಿಕೆ ಇತ್ತು, ಬೈನ್‌ಬ್ರಿಡ್ಜ್ ರಿವ್ಯೂ, ಗಂಡ ಹೆಂಡ್ತಿ ಇಬ್ಬರೇ ನಡೆಸ್ತಿದ್ರು, ವಾಲ್ಟ್ ಮತ್ತು ಮಿಲ್ಲಿ ವುಡ್‌ವರ್ಡ್. ದೇಶ ಪೂರ್ತಿ ಜಪಾನಿಗಳ ಮೇಲೆ ಹಲ್ಲು ಕಡೀತಿದ್ದಾಗ ಇವರು ಸಂಪಾದಕೀಯ ಬರೆದ್ರು, ಇವರೆಲ್ಲ ನಮ್ಮ ಅಕ್ಕಪಕ್ಕದ ಮನೆಯೋರು, ಇವರನ್ನ ಹಿಂಗೆ ಹೊರಗೆ ಹಾಕೋದು ತಪ್ಪು ಅಂತ. ಚಂದಾದಾರರು ಬಿಟ್ಟು ಹೋದ್ರು, ಜಾಹೀರಾತು ಹೋಯ್ತು, ಇವರು ಬಿಡ್ಲಿಲ್ಲ. ಅದಕ್ಕಿಂತ ನಂಗೆ ಇಷ್ಟ ಆಗಿದ್ದು ಏನು ಗೊತ್ತಾ, ಪತ್ರಿಕೆ ಆಫೀಸಿನಲ್ಲಿ ಕಸ ಗುಡಿಸ್ತಿದ್ದ ಪಾಲ್ ಓಟಾಕಿ ಅನ್ನೋ ಹೈಸ್ಕೂಲ್ ಹುಡುಗ ಇದ್ದ, ಅವನೂ ಕ್ಯಾಂಪಿಗೆ ಹೋಗ್ಬೇಕಾಯ್ತು, ವಾಲ್ಟ್ ಅವನಿಗೆ ಅಲ್ಲಿಂದ ವರದಿ ಬರ್ದು ಕಳಿಸೋ ಕೆಲಸ ಕೊಟ್ರು. ಅವನಾದ್ಮೇಲೆ ಬೇರೆ ಹುಡುಗರು ಮುಂದುವರಿಸಿದ್ರು. ದೊಡ್ಡ ರಾಜಕೀಯ ಏನೂ ಬರೀತಿರ್ಲಿಲ್ಲ, ಯಾರಿಗೆ ಮಗು ಆಯ್ತು, ಯಾರಿಗೆ ಹುಷಾರಿಲ್ಲ, ಯಾರು ಮದುವೆ ಆದ್ರು, ಬೇಸ್‌ಬಾಲ್‌ನಲ್ಲಿ ಯಾರು ಗೆದ್ರು, ಇಷ್ಟೇ. ವಾರಾವಾರ ಊರಿನೋರು ಅದನ್ನ ಊರ ಸುದ್ದಿ ಅಂತಲೇ ಓದ್ತಿದ್ರು. ಇವರು ಎಲ್ಲೂ ಹೋಗಿಲ್ಲ, ನಮ್ಮೋರೇ, ನಾಳೆ ವಾಪಸ್ ಬರ್ತಾರೆ ಅನ್ನೋದು ಓದೋರ ತಲೇಲಿ ಉಳೀಲಿ ಅನ್ನೋ ಉದ್ದೇಶ. ಇವರನ್ನ ವಾಪಸ್ ಸೇರಿಸ್ಬಾರದು ಅಂತ ಬರೆದೋರ ಪತ್ರಾನೂ ಓದುಗರ ಕಾಲಂನಲ್ಲಿ ಹಾಕಿದ್ರಂತೆ. ಯುದ್ಧ ಮುಗಿದ್ಮೇಲೆ ಅರ್ಧಕ್ಕಿಂತ ಹೆಚ್ಚು ಜನ ದ್ವೀಪಕ್ಕೇ ವಾಪಸ್ ಬಂದ್ರು. ಕೆಲವರ ತೋಟಾನ ಆ ಫಿಲಿಪೀನ್ಸ್ ಕೆಲಸದೋರೇ ನೋಡ್ಕೊಂಡಿದ್ರು. ಸರ್ಕಾರ ತಪ್ಪಾಯ್ತು ಅಂತ ಒಪ್ಕೊಂಡು ಬದುಕಿದ್ದೋರಿಗೆ ತಲಾ 20,000 ಡಾಲರ್ ಕೊಡೋ ಕಾನೂನು ಮಾಡಿದ್ದು 1988ರಲ್ಲಿ, ಅಷ್ಟೊತ್ತಿಗೆ ಎಷ್ಟು ಜನ ಉಳಿದಿದ್ರೋ.

ಫೆರ್ರಿ ಹತ್ತಿಸಿದ ಆ ದಡದಲ್ಲಿ ಈಗ ಮರದ ಗೋಡೆ ಕಟ್ಟಿದಾರೆ, 276 ಅಡಿ ಉದ್ದ. 276 ಹೆಸರಿಗೆ 276 ಅಡಿ, ಆ ದಿನ ಹೊರಡಿಸಿದ 227 ಜನ ಅಷ್ಟೇ ಅಲ್ಲ, ಆಗ ದ್ವೀಪದಲ್ಲಿದ್ದ ಜಪಾನಿ ಮೂಲದೋರೆಲ್ಲರ ಲೆಕ್ಕ. ಕಾರಲ್ಲಿ ಹೋದ್ರೆ ಅದನ್ನೂ ನೋಡ್ಬಹುದು, ನಾವು ಮಗು ಅತ್ತಿದ್ದಕ್ಕೆ ಬೇಗ ಬಂದ್ಬಿಟ್ವಿ.

ಈಗ ನಮ್ಮ ಕಡೆಗೆ ಬರೋಣ. ಜಪಾನಿಗಳ ಕಥೆ ಬೇರೆ, ನಮ್ಮ ಮುಳುಗಡೆ ಕಥೆ ಬೇರೆ, ಎರಡನ್ನೂ ಒಂದೇ ತಕ್ಕಡಿಗೆ ಹಾಕ್ತಿಲ್ಲ. ಅಲ್ಲಿ ಜನಾಂಗ ನೋಡಿ ಬೇಲಿ ಹಾಕಿದ್ದು, ಇಲ್ಲಿ ಕರೆಂಟಿಗೆ ಅಂತ ಡ್ಯಾಂ ಕಟ್ಟಿದ್ದು. ಆದ್ರೆ 1964ರಲ್ಲಿ ಲಿಂಗನಮಕ್ಕಿ ಮುಗಿದು ನೀರು ನಿಂತಾಗ ಶರಾವತಿ ಕಣಿವೆಯಲ್ಲಿ ತೋಟ ಗದ್ದೆ ಮನೆ ದೇವಸ್ಥಾನ ಎಲ್ಲಾ ಬಿಟ್ಟು ಲಾರಿ ಹತ್ತಿದೋರು ನಮ್ಮಜ್ಜ ಅಜ್ಜಿಯಂದಿರು. ಯಾರೋ ಶಿವಮೊಗ್ಗ ಕಡೆ, ಯಾರೋ ಶಿಕಾರಿಪುರ ಕಡೆ, ಯಾರೋ ಅಲ್ಲೇ ಗುಡ್ಡದ ಮೇಲೆ. ಇವತ್ತಿಗೂ ಹಕ್ಕುಪತ್ರದ ವಿಷಯ ನಿಮ್ಮ ಪೇಪರಲ್ಲೇ ಬರ್ತಾ ಇರುತ್ತೆ. ಹಿನ್ನೀರಿನ ಆಚೆ ಉಳಿದೋರು ದ್ವೀಪದೋರು ಅನ್ನಿಸ್ಕೊಂಡ್ರು. ನಿಜ ಹೇಳ್ಬೇಕಂದ್ರೆ ಅದು ಪೂರ್ತಿ ದ್ವೀಪ ಅಲ್ಲ, ಕಾಡಿನ ಕಡೆಯಿಂದ ಸುತ್ತಿ ಬಳಸಿ ದಾರಿ ಇದೆ, ಆದ್ರೂ ನಾವೆಲ್ಲ ದ್ವೀಪ ಅಂತಲೇ ಕರೆಯೋದು. ಮುಳುಗಿದ ಊರುಗಳ ಹೆಸರನ್ನ ಸಾಲಾಗಿ ಬರೆದ ಒಂದು ಬೋರ್ಡು ಆ ದಡದಲ್ಲಿ ನಾನಂತೂ ನೋಡಿಲ್ಲ. ಬೇಸಿಗೇಲಿ ನೀರು ಇಳಿದಾಗ ಹಳೇ ಹಿರೇಭಾಸ್ಕರ ಡ್ಯಾಂ ಮೇಲೆ ಕಾಣುತ್ತೆ, ಹುಡುಗರು ಬೈಕಲ್ಲಿ ಹೋಗಿ ರೀಲ್ಸ್ ಮಾಡ್ತಾರೆ. ಮಾಡ್ಲಿ ಬಿಡಿ, ಆದ್ರೆ ಆ ನೀರಿನ ಕೆಳಗೆ ಯಾರ ಮನೆ ಇತ್ತು ಅಂತ ಅವರಿಗೆ ಹೇಳೋರು ಬೇಕಲ್ಲ.

ಮ್ಯೂಸಿಯಂ ಅಂದ ಕೂಡ್ಲೇ ಕೋಟಿಗಟ್ಟಲೆ ಪ್ರಾಜೆಕ್ಟು, ಮ್ಯೂಸಿಕಲ್ ಫೌಂಟೇನು, ಸೆಲ್ಫಿ ಪಾಯಿಂಟು ಅಂತ ಶುರು ಮಾಡ್ಬೇಡಿ ದಯವಿಟ್ಟು. ಒಂದು ಹಳೇ ಸರ್ಕಾರಿ ಶಾಲೆ ಸಾಕು, ಮಕ್ಕಳು ಕಮ್ಮಿಯಾಗಿ ಬೀಗ ಬಿದ್ದಿರೋದು ಮಲೆನಾಡಲ್ಲಿ ಹುಡುಕಿದ್ರೆ ಸಿಗಲ್ವಾ. ಅಂಗಳದಲ್ಲಿ ಒಂದು ಲಾಂಚ್ ತಂದು ನಿಲ್ಲಿಸಿ, ಗುಜರಿಗೆ ಹೋಗೋಕೆ ಮುಂಚೆ. ಒಳಗೆ ಲಾಂಚಿನ ಟಿಕೆಟ್ ಪುಸ್ತಕ, ಆಗಿನ ನೋಟೀಸು, ಪರಿಹಾರದ ಕಾಗದ, ಮನೆ ಬಿಡೋವಾಗ ಹೊತ್ಕೊಂಡು ಬಂದ ಕಡಗೋಲು, ತೊಟ್ಟಿಲು, ದೇವರ ಪೆಟ್ಟಿಗೆ. ದೀವರ ಹೆಣ್ಣುಮಕ್ಕಳು ಮದುವೆ ಮನೆ ಗೋಡೆಗೆ ಬರೆಯೋ ಹಸೆ ಚಿತ್ತಾರ, ಭೂಮಿ ಹುಣ್ಣಿಮೆಗೆ ಬರೆಯೋ ಭೂಮಣ್ಣಿ ಬುಟ್ಟಿ, ಬರೀ ಬುಟ್ಟಿ ಇಟ್ಟು ಗಾಜು ಹಾಕೋದಲ್ಲ, ಬರೆಯೋರನ್ನೇ ತಿಂಗಳಿಗೊಂದು ಸಲ ಕರೆಸಿ ಮಕ್ಕಳ ಎದುರು ಬರೆಸಿ, ಅವರಿಗೆ ದುಡ್ಡು ಕೊಟ್ಟು. ಗೋಡೆ ಮೇಲೆ ಊರ ಹೆಸರು, ಮನೆ ಹೆಸರು. ಸಿಗಂದೂರಿಗೆ ಬರೋ ಜನಕ್ಕೆ ಕಮ್ಮಿ ಇಲ್ಲ, ಮೊದಲು ಲಾಂಚಿಗೆ ಕಾಯೋ ಹೊತ್ತಲ್ಲಾದ್ರೂ ನೀರು ನೋಡ್ತಾ ನಿಲ್ತಿದ್ರು, ಈಗ ಸೇತುವೆ ಮೇಲೆ ಸೊಂಯ್ ಅಂತ ಹೋಗ್ತಾರೆ, ಕೆಳಗೆ ಏನಿದೆ ಅಂತ ತಿರುಗಿ ನೋಡೋರೂ ಇಲ್ಲ.

ಕೂತ್ಕೊಳ್ಳೋಕೆ ಜನ ಎಲ್ಲಿ ಅಂತೀರಾ? ರಿಟೈರ್ಡ್ ಮೇಷ್ಟ್ರುಗಳು, ಮೇಡಂಗಳು ನಾವು ಬೇಕಾದಷ್ಟು ಜನ ಇದೀವಿ, ಮಧ್ಯಾಹ್ನ ಸೀರಿಯಲ್ ನೋಡೋ ಬದಲು ಪಾಳಿ ಹಾಕ್ಕೊಂಡು ಬಂದು ಕೂತ್ಕೋತೀವಿ. ಆದ್ರೆ ನೋಡಿದ್ದನ್ನ ಹೇಳೋರು ಹೆಚ್ಚು ದಿನ ಸಿಗಲ್ಲ ಸ್ವಾಮಿ. ಲಾರಿ ಹತ್ತಿದಾಗ ಹತ್ತು ವರ್ಷದೋರಾಗಿದ್ದೋರಿಗೂ ಈಗ ಎಪ್ಪತ್ತು ದಾಟಿದೆ. ಮೊಬೈಲಲ್ಲಿ ರೆಕಾರ್ಡ್ ಮಾಡ್ಕೊಳ್ಳೋಕೆ ಯಾವ ಗ್ರ್ಯಾಂಟು ಬೇಕು ಹೇಳಿ, ಕಾಲೇಜ್ ಮಕ್ಕಳಿಗೆ ಪ್ರಾಜೆಕ್ಟ್ ಅಂತ ಕೊಟ್ರೆ ಒಂದೇ ಬೇಸಿಗೆ ರಜೇಲಿ ಮುಗಿಸ್ತಾರೆ.

ನಿಮ್ಮ ಹತ್ರ ಒಂದು ಕೋರಿಕೆ ಇದೆ. ಆಗಿನ ಕಾಲದ ಸಂಚಿಕೆಗಳು, ಫೋಟೋಗಳು ನಿಮ್ಮ ಆಫೀಸಲ್ಲೋ ಹಳೇ ವರದಿಗಾರರ ಮನೆ ಅಟ್ಟದಲ್ಲೋ ಇದ್ದೇ ಇರುತ್ತೆ, 1960ರಿಂದ 64ರವರೆಗಿನ ಬಂಡಲ್ ಒಂದ್ಸಲ ಬಿಚ್ಚಿಸಿ. ವಾರಕ್ಕೊಂದು ಫೋಟೋ ಜಿಲ್ಲಾ ಪುಟದಲ್ಲಿ ಹಾಕಿ, "ಇವರು ಯಾರು, ಇದು ಯಾವ ಊರು, ಗೊತ್ತಿದ್ದೋರು ಬರೀರಿ" ಅಂತ ಕೆಳಗೆ ಒಂದು ಸಾಲು ಹಾಕಿ. ಜನ ಬರೀತಾರೆ. ಶಿಕಾರಿಪುರದಿಂದಲೋ ಹೊಸನಗರದಿಂದಲೋ ಯಾರೋ ಒಬ್ಬ ಅಜ್ಜಿ ಮೊಮ್ಮಗನ ಕೈಲಿ ಬರೆಸ್ತಾಳೆ, ಆ ಸೌದೆ ಹೊರೆ ಪಕ್ಕ ನಿಂತಿರೋ ಹುಡುಗಿ ನಾನೇ ಅಂತ. ಅಂಥ ಕಾಗದ ಬಂದ್ರೆ ಓದಿ ಬಿಸಾಕ್ಬೇಡಿ, ಒಂದು ಫೈಲ್ ಮಾಡಿ ಇಡಿ. ಶಾಲೆ ಬಾಗಿಲು ತೆಗೆಸೋ ಕೆಲಸ ನಾವು ಊರಿನೋರು ನೋಡ್ಕೋತೀವಿ, ಪಂಚಾಯ್ತಿಗೆ ಅರ್ಜಿ ಬರೆದಾಗಿದೆ, ಸೈನ್ ಹಾಕೋರನ್ನ ಹುಡುಕ್ತಿದೀವಿ.

ಇತಿ,
ನಿಮ್ಮ ಹಳೇ ಓದುಗಳು, ರಿಟೈರ್ಡ್ ಶಿಕ್ಷಕಿ
ಸಾಗರ ತಾಲ್ಲೂಕು