ಅಮಾನಿಕೆರೆಯ ಹಕ್ಕಿ ನಡಿಗೆಗೆ ಹೆಗಲು ಕೊಟ್ಟವರಿಗೆ

ತುಮಕೂರಿನ ಅಮಾನಿಕೆರೆ ಉದ್ಯಾನದಲ್ಲಿ ಪ್ರತಿ ತಿಂಗಳ ಎರಡನೆಯ ಭಾನುವಾರ ಬೆಳಗ್ಗೆ ನಾವು ನಡೆಸಿಕೊಂಡು ಬಂದಿರುವ ಹಕ್ಕಿ ನಡಿಗೆಗೆ ಈ ಫೆಬ್ರುವರಿಗೆ ಐದು ವರ್ಷ ತುಂಬಿತು. ಇಂಥ ಸಂದರ್ಭದಲ್ಲಿ ವೇದಿಕೆ ಹಾಕಿಸಿ, ಹಾರ ತುರಾಯಿ ತರಿಸಿ, ನಾಲ್ಕಾರು ಗಣ್ಯರಿಂದ ಭಾಷಣ ಮಾಡಿಸುವುದು ನಮ್ಮ ಕಡೆಯ ವಾಡಿಕೆ. ಮೈಕಿನ ಸದ್ದಿಗೆ ಕೆರೆಯ ಹಕ್ಕಿಗಳೆಲ್ಲ ಎದ್ದು ಹೋಗುತ್ತವೆ ಎಂಬ ಕಾರಣಕ್ಕೆ ಆ ಯೋಚನೆಯನ್ನು ಕೈಬಿಟ್ಟು, ಹೇಳಬೇಕಾದ್ದನ್ನು ಬರೆದು ಹೇಳೋಣವೆಂದು ಗೆಳೆಯರೆಲ್ಲ ತೀರ್ಮಾನಿಸಿದರು. ವಯಸ್ಸಿನಲ್ಲಿ ಹಿರಿಯಳೆಂದು ಬರೆಯುವ ಹೊಣೆ ನನ್ನ ಪಾಲಿಗೆ ಬಂತು.

ಸಸ್ಯಶಾಸ್ತ್ರದ ಉಪನ್ಯಾಸಕಿಯಾಗಿ ನಿವೃತ್ತಳಾದ ನನಗೆ ಮರಗಳ ಪರಿಚಯ ಮೊದಲು, ಅವುಗಳ ಮೇಲೆ ಕೂರುವ ಹಕ್ಕಿಗಳ ಪರಿಚಯ ಆಮೇಲೆ. ಆದ್ದರಿಂದ ಹಕ್ಕಿ ಬಲ್ಲವರಿಗೆ ಈ ಬರಹದಲ್ಲಿ ಸಲ್ಲಬೇಕಾದ ಮನ್ನಣೆ ಸ್ವಲ್ಪ ಕಡಿಮೆಯಾಯಿತೆಂದು ಯಾರಿಗಾದರೂ ಅನಿಸಿದರೆ ಅದು ಬೇಕೆಂದೇ ಮಾಡಿದ್ದು. ಹೆಸರು ಹೇಳಿಕೊಡುವವರು ಪುಸ್ತಕದಲ್ಲಿಯೂ ಸಿಗುತ್ತಾರೆ, ಮೊಬೈಲಿನಲ್ಲಿಯೂ ಸಿಗುತ್ತಾರೆ. ಆದರೆ ನೋಡಲು ಹಕ್ಕಿಯೇ ಇಲ್ಲದಂತಾಗದ ಹಾಗೆ ಈ ಕೆರೆಯ ದಂಡೆಯನ್ನು ಉಳಿಸಿಕೊಟ್ಟವರು, ಹಕ್ಕಿ ನೋಡುವುದಕ್ಕೆಂದು ಒಂದು ದಿನವೂ ದುರ್ಬೀನು ಹಿಡಿದವರಲ್ಲ. ಈ ಕೃತಜ್ಞತೆಯ ಹೆಚ್ಚಿನ ಪಾಲು ಅವರಿಗೇ ಸೇರಬೇಕು.

ಮೊದಲು ಉದ್ಯಾನದ ಕಾವಲುಗಾರರನ್ನು ನೆನೆಯಬೇಕು. ಬೇಸಿಗೆಯಲ್ಲಿ ಬಿಸಿಲೇರಿದ ಮೇಲೆ ಹಕ್ಕಿಗಳು ನೆರಳು ಸೇರಿ ಸುಮ್ಮನಾಗುವುದರಿಂದ ನಡಿಗೆ ಹೊತ್ತು ಮೂಡುವ ಮುನ್ನವೇ ಶುರುವಾಗಬೇಕಾಗುತ್ತದೆ. ನಮಗಾಗಿ ಅಷ್ಟು ಬೇಗ ಬಂದು ಬಾಗಿಲು ತೆಗೆದವರು ಅದಕ್ಕೆ ಪ್ರತಿಯಾಗಿ ಒಂದು ಲೋಟ ಚಹಾದ ಹೊರತು ಬೇರೇನನ್ನೂ ಒಪ್ಪಿಕೊಂಡವರಲ್ಲ.

ಎರಡನೆಯದಾಗಿ, ಮತ್ತು ಸ್ವಲ್ಪ ವಿವರವಾಗಿಯೇ, ಉದ್ಯಾನದಲ್ಲಿ ಕಸ ಗುಡಿಸುವ, ಕಳೆ ತೆಗೆಯುವ, ಗಿಡಗಳಿಗೆ ನೀರುಣಿಸುವ ಹೆಣ್ಣುಮಕ್ಕಳ ತಂಡಕ್ಕೆ ನಾವು ಋಣಿಗಳು. ನಡೆದಾಡುವ ದಾರಿಯ ಪಕ್ಕದಲ್ಲಿ ಒಣಗಿ ನಿಂತ ಒಂದು ಗುಲ್‌ಮೊಹರ್ ಮರವಿತ್ತು. ಒಣಮರ ಯಾವಾಗ ಯಾರ ತಲೆಯ ಮೇಲೆ ಬೀಳುವುದೋ ಎಂಬ ಅಧಿಕಾರಿಗಳ ಆತಂಕ ನ್ಯಾಯವಾದದ್ದೇ. ಮರ ಕಡಿಯುವ ದಿನವೂ ಗೊತ್ತಾಗಿತ್ತು. ಆದರೆ ಅದರ ಒಂದು ಕೊಂಬೆಯ ಅಡಿಭಾಗದಲ್ಲಿ ಕಂಚುಕುಟಿಗದ ಜೋಡಿಯೊಂದು ಪೊಟರೆ ಕೊರೆದು ಮೊಟ್ಟೆಯಿಟ್ಟಿತ್ತು. ಗುಬ್ಬಿಗಿಂತ ತುಸು ದಪ್ಪನೆಯ, ಹಸಿರು ಮೈಯ, ಹಣೆಯಲ್ಲಿ ಕೆಂಪು ಬೊಟ್ಟಿಟ್ಟಂತಿರುವ ಈ ಹಕ್ಕಿ, ಕಂಚುಗಾರನ ಸುತ್ತಿಗೆಯ ಪೆಟ್ಟಿನಂಥ ‘ಟುಕ್ ಟುಕ್’ ಸದ್ದನ್ನು ಹೊತ್ತುಗಟ್ಟಲೆ ಹೊರಡಿಸುತ್ತಿರುತ್ತದೆ. ಅದರ ಕೊಕ್ಕು ಮರಕುಟಿಗದ ಕೊಕ್ಕಿನಷ್ಟು ಗಟ್ಟಿಯಲ್ಲ; ಹಾಗಾಗಿ ಒಣಗಿ ಮೆದುವಾದ ಕೊಂಬೆಯೇ ಅದಕ್ಕೆ ಬೇಕು. ಹಸಿರಾಗಿ ನಳನಳಿಸುವ ಮರಗಳೆಷ್ಟಿದ್ದರೂ ಒಣಮರವಿಲ್ಲದ ಉದ್ಯಾನ ಅದರ ಪಾಲಿಗೆ ಮನೆಯಿಲ್ಲದ ಊರು. ತಾವಾಗಿ ಮರ ಕೊರೆಯಲಾರದ ಮಡಿವಾಳ ಹಕ್ಕಿ, ಗೊರವಂಕ, ಹಾಲಕ್ಕಿಯೆಂಬ ಪುಟ್ಟ ಗೂಬೆ ಇವೂ ಪೊಟರೆಗಳನ್ನೇ ನೆಚ್ಚಿಕೊಂಡಿರುವುದರಿಂದ, ಒಂದು ಬೋಳುಮರ ಕಡಿದರೆ ಹೋಗುವುದು ಒಂದು ಸಂಸಾರವಷ್ಟೇ ಅಲ್ಲ.

ಈ ಮಾತುಗಳನ್ನೆಲ್ಲ ಒಂದು ಮನವಿಪತ್ರದಲ್ಲಿ ಬರೆದುಕೊಂಡು ನಾವು ಹೋಗುವುದರೊಳಗೆ ಕೆಲಸ ಆಗಿಹೋಗಿತ್ತು. ತಂಡದ ಹಿರಿಯಕ್ಕ, ಗರಗಸ ಹಿಡಿದು ಬಂದವರ ಮುಂದೆ ನಿಂತು, “ಈ ಮರದಾಗೆ ಬಾಣಂತಿ ಅವ್ಳೆ ಸಾರ್, ಎಲ್ಡ್ ತಿಂಗ್ಳು ಬಿಟ್ಬಿಡಿ” ಎಂದು ಹೇಳಿದರಂತೆ. ಮೂರು ಪುಟಗಳ ನನ್ನ ಮನವಿಪತ್ರದಲ್ಲಿ ಅಷ್ಟು ಗಟ್ಟಿಯಾದ ವಾಕ್ಯ ಒಂದೂ ಇರಲಿಲ್ಲ. ಕೊನೆಗೆ ದಾರಿಯ ಕಡೆಗೆ ಚಾಚಿದ್ದ ಕೊಂಬೆಗಳನ್ನು ಮಾತ್ರ ಕಡಿದು, ಪೊಟರೆಯಿದ್ದ ಭಾಗವನ್ನು ಉಳಿಸಿ, ಸುತ್ತ ಹಗ್ಗ ಕಟ್ಟಿ ಜನ ಅತ್ತ ಸುಳಿಯದಂತೆ ಮಾಡಲಾಯಿತು. ಈ ಮಾರ್ಪಾಡಿಗೆ ಒಪ್ಪಿದ ಅಧಿಕಾರಿಗಳಿಗೂ ನಮ್ಮ ವಂದನೆಗಳು. ನಿಯಮದ ಪುಸ್ತಕ ತೆರೆದು ಇಲ್ಲವೆನ್ನುವುದು ಅವರಿಗೆ ಸುಲಭವಿತ್ತು. ಅಂದಿನಿಂದ ಹಕ್ಕಿಗಳು ಗೂಡು ಕಟ್ಟುವ ತಿಂಗಳುಗಳಲ್ಲಿ ಹುಲ್ಲು ಸವರುವ ಮುನ್ನ ಅಕ್ಕಂದಿರು ಒಮ್ಮೆ ಬಗ್ಗಿ ನೋಡುತ್ತಾರೆ. ಪೊದೆಗಳ ಬುಡದ ತರಗೆಲೆಯನ್ನು ಗುಡಿಸಿ ಸುಡುವುದೂ ನಿಂತಿದೆ. ತರಗೆಲೆಯೊಳಗೆ ಹುಳುಹುಪ್ಪಟೆ, ಅದನ್ನು ಕೆದಕುತ್ತ ಹರಟೆಮಲ್ಲಗಳ ಗುಂಪು. ಹೊಸದಾಗಿ ಬರುವ ಮಕ್ಕಳಿಗೆ ನಾವು ತೋರಿಸುವ ಮೊದಲ ಹಕ್ಕಿ ಈಗ ಬಹುತೇಕ ಅದೇ. ಉದ್ಯಾನವೆಂದರೆ ಗುಡಿಸಿ ಸಾರಿಸಿದ ಅಂಗಳದ ಹಾಗಿರಬೇಕೆಂದು ಬಯಸುವ ಕೆಲವು ವಾಯುವಿಹಾರಿಗಳು ಇದರ ಬಗ್ಗೆ ಆಕ್ಷೇಪಿಸಿದ್ದೂ ಉಂಟು. ಅವರೊಡನೆ ನನ್ನ ವಾದ ಇನ್ನೂ ಮುಗಿದಿಲ್ಲ.

ಕೆರೆಯಲ್ಲಿ ಬಲೆ ಬಿಡುವ ಅಣ್ಣನವರಿಗೆ ಸಲ್ಲಬೇಕಾದ ಕೃತಜ್ಞತೆ ಬೇರೆಯದೇ ಬಗೆಯದು. ನೀರಿನ ಮೇಲೆ ತೇಲುವ ಕೊಳೆತ ಜೊಂಡಿನ ಒಂದು ಗುಪ್ಪೆಯನ್ನು ನಾವೆಲ್ಲ ಕಸವೆಂದೇ ತಿಳಿದು ದಾಟಿ ಹೋಗುತ್ತಿದ್ದಾಗ, ಅದು ಗುಳುಮುಳುಕವೆಂಬ ಪುಟ್ಟ ನೀರುಹಕ್ಕಿಯ ಗೂಡೆಂದು ತೋರಿಸಿಕೊಟ್ಟವರು ಅವರು. ಗುಳುಮುಳುಕ ಗೂಡು ಬಿಟ್ಟು ನೀರಿಗಿಳಿಯುವ ಮೊದಲು ಮೊಟ್ಟೆಗಳ ಮೇಲೆ ಒದ್ದೆ ಸೊಪ್ಪೆಳೆದು ಮುಚ್ಚಿ ಹೋಗುತ್ತದೆ. ಮೇಲಿನಿಂದ ನೋಡುವ ಹದ್ದು ಕಾಗೆಗಳ ಕಣ್ಣಿಗೂ, ನಮ್ಮ ಕಣ್ಣಿಗೂ ಅದು ಕೊಳೆತ ಸೊಪ್ಪೇ. ಉದ್ದ ಬಾಲದ ನೀರುಕೋಳಿಗಳಲ್ಲಿ ಮೊಟ್ಟೆಗೆ ಕಾವು ಕೊಟ್ಟು ಮರಿ ಬೆಳೆಸುವುದು ಗಂಡು ಎಂಬುದನ್ನು ನಾನು ಓದಿ ತಿಳಿದಿದ್ದೆ. ಅವರು ಅದನ್ನು ತೆಪ್ಪದ ಮೇಲೆ ಕೂತು ಕಂಡಿದ್ದರು, ಜೊತೆಗೆ ನಮ್ಮ ನಡಿಗೆಯ ತಂಡದ ಗಂಡಸರನ್ನು ಓರೆಗಣ್ಣಿನಲ್ಲಿ ನೋಡುತ್ತಲೇ ಅದನ್ನು ಬಣ್ಣಿಸಿದರು. ಅವರು ಮಾಡಿದ ಎಲ್ಲಕ್ಕಿಂತ ದೊಡ್ಡ ಉಪಕಾರ, ಹರಿದ ನೈಲಾನ್ ಬಲೆಯ ತುಂಡುಗಳನ್ನು ನೀರಿನಲ್ಲಿಯೇ ಬಿಟ್ಟು ಬರುವ ರೂಢಿಯನ್ನು ತಾವೂ ಬಿಟ್ಟು, ಜೊತೆಯವರಿಂದಲೂ ಬಿಡಿಸಿದ್ದು. ಮೀನಿನ ಬೆನ್ನಟ್ಟಿ ಮುಳುಗುವ ನೀರುಕಾಗೆಗೆ ಆ ಸಣ್ಣ ದಾರದ ಬಲೆ ಕಾಣಿಸುವುದಿಲ್ಲ. ಒಮ್ಮೆ ಸಿಕ್ಕಿಕೊಂಡರೆ ಉಸಿರಿಗೆ ಮೇಲೆ ಬರಲಾಗುವುದಿಲ್ಲ.

ದುರ್ಬೀನುಗಳ ವಿಷಯಕ್ಕೆ ಬಂದರೆ, ಮೊದಲ ವರ್ಷ ನಮ್ಮಲ್ಲಿದ್ದದ್ದು ಒಂದೇ ಒಂದು, ಅದೂ ಭಾರದ್ದು. ಬಿ.ಎಚ್. ರಸ್ತೆಯಲ್ಲಿ ಕನ್ನಡಕದ ಅಂಗಡಿ ಇಟ್ಟಿರುವ ಸ್ನೇಹಿತರೊಬ್ಬರು 8×42 ಅಳತೆಯ ಕೆಲವನ್ನು ಅಸಲು ಬೆಲೆಗೆ ತರಿಸಿಕೊಟ್ಟರು. ಎಂಟು ಪಟ್ಟು ಹಿರಿದಾಗಿ ತೋರಿಸುವ, 42 ಮಿಲಿಮೀಟರ್ ಅಗಲದ ಮುಂಗಾಜಿನ ದುರ್ಬೀನು ಬೆಳಗಿನ ಮಂದ ಬೆಳಕಿನಲ್ಲಿಯೂ ಹಕ್ಕಿಯನ್ನು ಸ್ಪಷ್ಟವಾಗಿ ತೋರಿಸುತ್ತದೆ. ಇದಕ್ಕಿಂತ ಹೆಚ್ಚು ಪಟ್ಟಿನದನ್ನು ಕೊಂಡರೆ ಕೈಯ ನಡುಕವೂ ಅಷ್ಟೇ ಪಟ್ಟು ಹಿಗ್ಗಿ ಕಾಣುತ್ತದೆಂದು ಅವರು ಎಚ್ಚರಿಸದಿದ್ದರೆ ನಾವು ದೊಡ್ಡ ಸಂಖ್ಯೆಗೇ ಮರುಳಾಗುತ್ತಿದ್ದೆವು. ಮಳೆಗಾಲದಲ್ಲಿ ಗಾಜಿಗೆ ಬೂಷ್ಟು ಹಿಡಿದಾಗಲೆಲ್ಲ ಬಿಚ್ಚಿ ಒರೆಸಿ ಕೊಡುವವರೂ ಅವರೇ. ದುಡ್ಡು ಕೇಳಿಲ್ಲ, ಒಮ್ಮೆಯೂ ನಡಿಗೆಗೆ ಬಂದಿಲ್ಲ. ಭಾನುವಾರ ತಮಗೆ ನಿದ್ದೆಯ ದಿನವೆಂದು ನೇರವಾಗಿ ಹೇಳಿದ್ದಾರೆ.

ಕಳೆದ ಮಳೆಗಾಲ ನನ್ನ ಮೊಣಕಾಲಿನ ಶಸ್ತ್ರಚಿಕಿತ್ಸೆಯಾಯಿತು. ಕೆರೆ ಏರಿ ಇರಲಿ, ಮನೆಯ ಮೆಟ್ಟಿಲೂ ದೂರವೆನಿಸಿದ್ದ ಆ ತಿಂಗಳುಗಳಲ್ಲಿ ನಡಿಗೆ ನಿಂತುಹೋಗುವುದೆಂದೇ ನಾನು ಎಣಿಸಿದ್ದೆ. ಹಾಗಾಗದಂತೆ ನೋಡಿಕೊಂಡವರು ಪದವಿ ಓದುತ್ತಿರುವ ಇಬ್ಬರು ಹುಡುಗಿಯರು. ನಡಿಗೆಯನ್ನು ನಾನು ನಡೆಸುತ್ತಿದ್ದ ರೀತಿಯಲ್ಲಿ ಮುಂದುವರಿಸಬೇಕೆಂಬ ಹಂಗು ಅವರಿಗಿರಲಿಲ್ಲ, ಅದು ಒಳ್ಳೆಯದೇ ಆಯಿತು. ಬೆಳಗ್ಗೆ ಬರಲಾಗದ ಗಾರ್ಮೆಂಟ್ಸ್ ನೌಕರರಿಗಾಗಿ ಒಂದು ಸಂಜೆಯ ನಡಿಗೆಯನ್ನು ಅವರು ಆರಂಭಿಸಿದರು. ಕತ್ತಲಾಗುವ ಹೊತ್ತಿಗೆ ಪೊಟರೆಯಿಂದ ಇಣುಕುವ ಹಾಲಕ್ಕಿಗಳನ್ನೂ, ಅತ್ತಿಹಣ್ಣಿಗೆ ಬರುವ ಬಾವಲಿಗಳನ್ನೂ ನೋಡಲು ಈಗ ಬೆಳಗಿನಷ್ಟೇ ಜನ ಸೇರುತ್ತಾರೆ. ಹಾಲಕ್ಕಿ ಕೂಗಿದರೆ ಕೇಡೆಂದು ನಂಬಿದ ಮನೆಗಳಿಂದ ಬಂದವರೇ ಅದರ ದುಂಡುಗಣ್ಣಿನ ದಿಟ್ಟಿಗೆ ನಗುವುದನ್ನು ನಾನು ಮೊದಲು ಕೇಳಿದ್ದು ಅವರು ಕಳಿಸುತ್ತಿದ್ದ ಧ್ವನಿಮುದ್ರಣಗಳಲ್ಲಿ. ಹಾಸಿಗೆಯ ಮೇಲೆ ಮಲಗಿ ಆ ಧ್ವನಿಮುದ್ರಣಗಳನ್ನು ಕೇಳುತ್ತ, ಹಿನ್ನೆಲೆಯಲ್ಲಿ ಯಾವ ಹಕ್ಕಿ ಕೂಗಿತೆಂದು ಉತ್ತರ ಬರೆಯುವುದು ನನ್ನ ವ್ಯಾಯಾಮದ ಪಟ್ಟಿಗೆ ಅವರಾಗಿ ಸೇರಿಸಿದ ಪಾಠ. ಹುಡುಗಿಯರನ್ನು ಕತ್ತಲಾದ ಮೇಲೆ ಕೆರೆಯ ಕಡೆ ಕಳಿಸಿದ, ಪ್ರತಿ ಸಲವೂ ಬಂದು ಕರೆದೊಯ್ದ ಅವರ ತಂದೆತಾಯಿಯರಿಗೆ ನಾನು ಬೇರೆಯಾಗಿಯೇ ಕೈಮುಗಿಯುತ್ತೇನೆ.

ನಡಿಗೆಯಲ್ಲಿ ಕಂಡ ಹಕ್ಕಿಗಳ ಪಟ್ಟಿಗಳನ್ನು, ಹಕ್ಕಿ ನೋಡುವವರು ತಾವು ಕಂಡದ್ದನ್ನು ದಾಖಲಿಸುವ ಇ-ಬರ್ಡ್ ಎಂಬ ಜಾಲತಾಣಕ್ಕೆ ತಪ್ಪದೆ ಏರಿಸುವವರೂ ಈ ಹುಡುಗಿಯರೇ. ಫೆಬ್ರುವರಿಯಲ್ಲಿ ನಾಲ್ಕು ದಿನ ಜಗತ್ತಿನಾದ್ಯಂತ ನಡೆಯುವ ಹಿತ್ತಲ ಹಕ್ಕಿ ಎಣಿಕೆಯಲ್ಲಿ ಭಾರತ 2013ರಿಂದ ಪಾಲ್ಗೊಳ್ಳುತ್ತಿದ್ದು, ಒಂದೆಡೆ ಕನಿಷ್ಠ 15 ನಿಮಿಷ ನಿಂತು ಕಂಡದ್ದನ್ನು ಎಣಿಸಿ ಬರೆದರೆ ಸಾಕು, ಅದು ಲೆಕ್ಕಕ್ಕೆ ಸೇರುತ್ತದೆ. ಕಾಗೆ, ಗೊರವಂಕಗಳನ್ನು ಎಣಿಸಿ ಏನು ಬರುತ್ತದೆಂದು ಕೇಳುವವರಿಗೆ 2023ರಲ್ಲಿ ಪ್ರಕಟವಾದ ಭಾರತದ ಹಕ್ಕಿಗಳ ಸ್ಥಿತಿಗತಿಯ ವರದಿಯನ್ನು ನಾವು ತೋರಿಸುತ್ತೇವೆ. ಸುಮಾರು 30,000 ಹವ್ಯಾಸಿಗಳು ಬರೆದಿಟ್ಟ ಇಂಥ ಪಟ್ಟಿಗಳನ್ನು ಆಧರಿಸಿ 942 ಜಾತಿಗಳನ್ನು ಅದು ಪರಿಶೀಲಿಸಿದೆ. ಕೋಗಿಲೆ ಹೆಚ್ಚುತ್ತಿದೆ ಎನ್ನುತ್ತದೆ ವರದಿ. ನಮ್ಮ ಬಡಾವಣೆಗಳಲ್ಲಿ ಬೆಳಗಿನ ನಿದ್ದೆ ಕಳೆದುಕೊಂಡವರು ಇದನ್ನು ವರದಿಯಿಲ್ಲದೆಯೂ ಬಲ್ಲರು. ಆದರೆ ನಮ್ಮ ರಾಜ್ಯಪಕ್ಷಿ ನೀಲಕಂಠ, ತಂತಿಗಳ ಮೇಲೆ ಕೂತಿದ್ದನ್ನು ಬಾಲ್ಯದಿಂದ ಕಂಡ ಹಕ್ಕಿ, ಶೇಕಡ 30ಕ್ಕೂ ಹೆಚ್ಚು ಇಳಿದಿದೆ. ಎಲ್ಲ ಕಡೆ ಇದೆಯೆಂದು ಯಾರೂ ಎಣಿಸದೆ ಬಿಟ್ಟಿದ್ದರೆ ಈ ಇಳಿಕೆ ಗೊತ್ತಾಗುತ್ತಿರಲಿಲ್ಲ.

ನಮಗಿಂತ ಬಹಳ ಮೊದಲೇ ಈ ಜಿಲ್ಲೆಯಲ್ಲಿ ಹಕ್ಕಿ ನೋಡಿ ಬರೆದಿಟ್ಟ ಹಿರಿಯರಿದ್ದಾರೆ. ತುಮಕೂರಿನಿಂದ ಸುಮಾರು 15 ಕಿಲೋಮೀಟರ್ ದೂರದ ದೇವರಾಯನದುರ್ಗದ ಬಂಡೆಗಳ ನಡುವೆ, ದಕ್ಷಿಣ ಭಾರತವನ್ನು ಬಿಟ್ಟರೆ ಜಗತ್ತಿನ ಬೇರೆಲ್ಲಿಯೂ ಇಲ್ಲದ ಹಳದಿ ಕೊರಳಿನ ಪಿಕಳಾರವನ್ನು ಹುಡುಕಲು ಎಲ್ಲಿ ಕಿವಿಗೊಡಬೇಕೆಂದು ಅವರು ಕಲಿಸಿಕೊಟ್ಟರು. ಹಾಗೆಯೇ ಶಿರಾ ತಾಲ್ಲೂಕಿನ ಕಗ್ಗಲಡುವಿನ ಜನರಿಗೂ ನಮ್ಮ ವಂದನೆಗಳು. ಮನೆಗಳ ನಡುವಿನ ಹುಣಸೆ ಮರಗಳ ಮೇಲೆ ಬಣ್ಣದ ಕೊಕ್ಕರೆಗಳು ಗೂಡು ಕಟ್ಟುವ ಆ ಊರಿಗೆ ನಮ್ಮ ಮಕ್ಕಳನ್ನು ಕರೆದುಕೊಂಡು ಹೋದಾಗ, ಹಿಕ್ಕೆಯ ವಾಸನೆಗೆ ಮೂಗು ಮುಚ್ಚಿಕೊಂಡ ಹುಡುಗನಿಗೆ ಅಲ್ಲಿಯ ಅಜ್ಜಿಯೊಬ್ಬರು, “ತವರಿಗೆ ಬಂದ ಹೆಣ್ಮಕ್ಳು ಕಣಪ್ಪ, ವಾಸ್ನೆ ಅಂದ್ರೆ ಆಯ್ತದಾ?” ಎಂದರು. ಅಮಾನಿಕೆರೆಯಲ್ಲಿ ಬಣ್ಣದ ಕೊಕ್ಕರೆ ಇಳಿದಾಗಲೆಲ್ಲ ಆ ಹುಡುಗ ಈಗ ಅದನ್ನು ಕಗ್ಗಲಡುವಿನದೆಂದೇ ಹೇಳುತ್ತಾನೆ. ಖಚಿತವಾಗಿ ಹೇಳಲು ಬರುವುದಿಲ್ಲವಾದರೂ ನಾವು ಯಾರೂ ತಿದ್ದುವುದಿಲ್ಲ.

ಮೊಬೈಲಿನಿಂದ ಹಕ್ಕಿಯ ಕೂಗು ಹಾಕಿ ಹಕ್ಕಿಯನ್ನು ಹೊರಗೆ ಕರೆಸಬಾರದು, ಗೂಡಿನ ಹತ್ತಿರ ಹೋಗಿ ಫೋಟೊ ತೆಗೆಯಬಾರದು ಎಂಬ ನಮ್ಮ ಎರಡು ಕಟ್ಟಳೆಗಳಿಂದ ಬೇಸರಗೊಂಡು ದೂರವಾದ ಕೆಲವು ಛಾಯಾಗ್ರಾಹಕರೂ ಇದ್ದಾರೆ. ತನ್ನ ಸರಹದ್ದಿಗೆ ಇನ್ನೊಂದು ಗಂಡು ಬಂತೆಂದು ಭ್ರಮಿಸಿ, ಮರಿಗಳಿಗೆ ಉಣಿಸುವುದನ್ನು ಬಿಟ್ಟು ಬರುವ ಹಕ್ಕಿಯ ಚಿತ್ರ ಎಷ್ಟೇ ಚಂದ ಬಂದರೂ ನಮಗೆ ಬೇಡ. ಅವರಲ್ಲಿ ಒಬ್ಬರು ಮಾತ್ರ ವರ್ಷದ ನಂತರ ಹಿಂದಿರುಗಿ ಬಂದು, ಈಗ ಹೊಸಬರಿಗೆ ಇದೇ ಕಟ್ಟಳೆಯನ್ನು ನಮಗಿಂತ ಕಟ್ಟುನಿಟ್ಟಾಗಿ ವಿವರಿಸುತ್ತಿದ್ದಾರೆ. ಅವರಿಗೆ ವಿಶೇಷ ವಂದನೆಗಳು.

ಮುಂದಿನ ನಡಿಗೆ ಎಂದಿನಂತೆ ಎರಡನೆಯ ಭಾನುವಾರ, ಬೆಳಗ್ಗೆ ಆರು ಗಂಟೆಗೆ, ಗಾಜಿನ ಮನೆಯ ಬಳಿಯಿಂದ ಹೊರಡುತ್ತದೆ. ಶುಲ್ಕವಿಲ್ಲ. ಹೊಳೆಯುವ ಬಣ್ಣದ ಬಟ್ಟೆ ಬೇಡ, ನೀರಿನ ಬಾಟಲಿ ಇರಲಿ, ಬಾತುಗಳಿಗೆಂದು ಮಂಡಕ್ಕಿ ತರುವವರು ಅದನ್ನು ತಾವೇ ತಿನ್ನಬೇಕಾಗುತ್ತದೆ. ನನ್ನ ಮೊಣಕಾಲಿನ್ನೂ ಪೂರ್ತಿ ಪಳಗಿಲ್ಲವಾದ್ದರಿಂದ ನಾನು ಮೊದಲ ಕಲ್ಲುಬೆಂಚಿನವರೆಗೆ ಬರುತ್ತೇನೆ. ಅಲ್ಲಿಂದ ಮುಂದೆ ಹುಡುಗಿಯರು ಕರೆದೊಯ್ಯುತ್ತಾರೆ. ಕಳೆದ ನಡಿಗೆಯಲ್ಲಿ ಎಣಿಸಿದಾಗ ಒಂದು ದುರ್ಬೀನು ಕಡಿಮೆ ಬಂದಿದೆ. ಯಾರ ಚೀಲದಲ್ಲಿ ಉಳಿದಿದೆಯೋ ಅವರು ದಯವಿಟ್ಟು ತನ್ನಿ, ಅದರ ಕುತ್ತಿಗೆಪಟ್ಟಿ ನಮ್ಮ ಹತ್ತಿರವೇ ಇದೆ.